ಒಂಟೆತ್ತಿನ ಸುಳ್ಳು ಹೊತ್ತು ಯಂಕಂಚಿಗೆ

ಇದನ್ನು ಬರೆಯುವುದನ್ನು ನಾನು ಮುಂದೂಡುತ್ತಲೇ ಬಂದೆ. ಹೋಗಿ ಬಂದದ್ದು ದೀಪಾವಳಿ ಮುಗಿದ ವಾರದಲ್ಲಿ, ಈಗ ಯುಗಾದಿ ಹತ್ತಿರ ಬಂದಿದೆ. ಕಾಶಿಗೆ, ರಾಮೇಶ್ವರಕ್ಕೆ ಹೋದವರು ಪ್ರವಾಸ ಬರೆಯುತ್ತಾರೆ. ನಾನು ಹೋದದ್ದು ನಮ್ಮ ಜಿಲ್ಲೆಯೊಳಗೇ. ಮುದ್ದೇಬಿಹಾಳ, ಬಸವನ ಬಾಗೇವಾಡಿ, ಇಂಡಿ, ಸಿಂದಗಿ, ಒಟ್ಟು ಮೂರು ದಿನದ ತಿರುಗಾಟ. ಆದರೆ ಮನೆಯಿಂದ ಹೊರಬೀಳಲು ನನಗೆ ನಲವತ್ತು ವರ್ಷಗಳ ಮೇಲೆ ಹಿಡಿಯಿತು.

ಲಾಲಸಾಬನನ್ನು ಹುಡುಕಬೇಕಿತ್ತು. ಅವನಿಗೆ ಹೇಳಿದ್ದ ಒಂದು ಸುಳ್ಳನ್ನು ಅವನೆದುರೇ ಒಪ್ಪಿಕೊಳ್ಳಬೇಕಿತ್ತು. ಅವನು ಎಲ್ಲಿದ್ದಾನೆ, ಇದ್ದಾನೋ ಇಲ್ಲವೋ ಎಂಬುದೂ ಗೊತ್ತಿರಲಿಲ್ಲ. ನನಗೆ ಎಪ್ಪತ್ತು ತುಂಬಿತು, ಅವನು ನನಗಿಂತ ನಾಲ್ಕಾರು ವರ್ಷ ದೊಡ್ಡವನು. ಇನ್ನು ತಡಮಾಡಿದರೆ ಹೇಳುವವನಾದರೂ ಕೇಳುವವನಾದರೂ ಇರುವುದಿಲ್ಲ ಎನಿಸಿತು.

ಮುದ್ದೇಬಿಹಾಳದಲ್ಲಿ ಬೆಳಗಿನ ಬಸ್ಸು ಹಿಡಿದೆ. ಬಸ್ಸಿನ ತುಂಬ ಹೆಣ್ಣುಮಕ್ಕಳು. ಅವರಿಗೆ ಟಿಕೆಟ್ ಇಲ್ಲವಲ್ಲ, ಬ್ಯಾಂಕಿಗೆ, ಆಸ್ಪತ್ರೆಗೆ, ತವರಿಗೆ ಹೊರಟವರು. ನಾನು ದುಡ್ಡು ತೆಗೆದದ್ದನ್ನು ನೋಡಿ ಪಕ್ಕದ ಮುದುಕಿ ನಕ್ಕಳು.

"ಅಜ್ಜಾ, ಈ ಬಸ್ಸಿನ್ಯಾಗ ನೀ ಒಬ್ಬನ ಸಾವ್ಕಾರ ನೋಡು. ನಿನ್ನ ರೊಕ್ಕದ ಮ್ಯಾಲ ನಾವೆಲ್ಲಾ ಹೊಂಟೇವಿ."

ಕಂಡಕ್ಟರ್, "ಯಜಮಾನ್ರ, ಆಧಾರ ಕಾರ್ಡ ತೋರಸ್ರಿ, ಕಾಲು ಭಾಗ ಬಿಡ್ತೇನಿ" ಎಂದ.

"ಅದನ್ನೂ ಬಿಟ್ಟ್ರ ಬಸ್ಸ ಹ್ಯಾಂಗ ಓಡಬೇಕೋ ತಮ್ಮಾ!" ಎಂದಳು ಮುದುಕಿ. ಬಸ್ಸೆಲ್ಲ ನಕ್ಕಿತು.

ನನ್ನ ಹರೆಯದ ಕಾಲದಲ್ಲಿ ಇದೇ ದಾರಿಯ ಬಸ್ಸುಗಳ ನೆತ್ತಿಯ ಮೇಲೆ ಹಾಸಿಗೆ ಸುರುಳಿ, ಪಾತ್ರೆಯ ಗಂಟು, ಕೋಳಿ ಬುಟ್ಟಿ ಕಟ್ಟಿರುತ್ತಿದ್ದರು. ಸುಗ್ಗಿ ಮುಗಿಯಿತೆಂದರೆ ಮನೆಗೆ ಮನೆಯೇ ಗೋವಾಕ್ಕೆ ಏಳುತ್ತಿತ್ತು. ರಸ್ತೆ ಕೆಲಸ, ಕಟ್ಟಡದ ಕೆಲಸ. ಮಳೆಗಾಲಕ್ಕೆ ಕೆಲವರು ತಿರುಗಿ ಬರುತ್ತಿದ್ದರು, ಕೆಲವರು ಬರುತ್ತಿರಲಿಲ್ಲ. ಲಾಲಸಾಬ ಬಾರದವರಲ್ಲಿ ಒಬ್ಬ. ಅವನನ್ನು ಹಾಗೆ ಎಬ್ಬಿಸಿದವನು ನಾನು.

ನಿಡಗುಂದಿಯಲ್ಲಿ ಬಸ್ಸು ಬದಲಿಸಿ ಗೊಳಸಂಗಿಯಲ್ಲಿ ಇಳಿದೆ. ಅಲ್ಲಿಂದ ನಮ್ಮ ಹಳೆಯ ಹಳ್ಳಿಗೆ ಅರ್ಧ ತಾಸಿನ ನಡಿಗೆ. ಎರಡೂ ಕಡೆ ತೊಗರಿ ಹೂವಿಗೆ ಬಂದು ಹಳದಿಯಾಗಿತ್ತು. ಅದರಾಚೆ ಕಾಲುವೆ, ಕಾಲುವೆಯ ಕೆಳಗೆ ಕಬ್ಬು. ನಮ್ಮ ಕಾಲದಲ್ಲಿ ಅಲ್ಲಿ ಹಿಂಗಾರಿ ಬಿಳಿಜೋಳ ಬಿಟ್ಟರೆ ಬೇರೆ ಏನೂ ಇರಲಿಲ್ಲ.

ಆಗ ನನ್ನ ಬಳಿ ಇದ್ದದ್ದು ಒಂದೇ ಎತ್ತು, ಲಾಲಸಾಬನ ಬಳಿಯೂ ಒಂದೇ. ಬೀಜ ಬಿತ್ತುವ ಕೂರಿಗೆಗೆ ಎರಡು ಬೇಕು. ಒಂಟೆತ್ತಿನವರು ಜೋಡಿಯಾಗಿ, ಎರಡನ್ನೂ ಒಂದೇ ನೊಗಕ್ಕೆ ಕಟ್ಟಿ, ಮೊದಲು ಒಬ್ಬನ ಹೊಲ, ಆಮೇಲೆ ಮತ್ತೊಬ್ಬನದು ಬಿತ್ತುವುದು ನಮ್ಮಲ್ಲಿ ರೂಢಿ. ಆ ವರ್ಷ ಮಳೆ ಬಿದ್ದು ನೆಲ ಹದಕ್ಕೆ ಬಂದಿತ್ತು. ಮೊದಲು ನನ್ನ ಹೊಲ ಬಿತ್ತಿದೆವು. ಮರುದಿನ ಅವನದು ಬಿತ್ತಬೇಕಿತ್ತು.

ನನಗೆ ಮುದ್ದೇಬಿಹಾಳದಲ್ಲಿ ಕಾಳಿನ ದಲ್ಲಾಳಿಯೊಬ್ಬನ ಅಡತಿ ಅಂಗಡಿಯಲ್ಲಿ ಗುಮಾಸ್ತನ ಕೆಲಸ ಸಿಕ್ಕಿತ್ತು. ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಮಣ್ಣಿನ ಕೆಲಸ ಸಾಕಾಗಿತ್ತು. ಬಿತ್ತಿಗೆ ಮುಗಿದರೆ ಎತ್ತಿನ ಬೆಲೆ ಇಳಿಯುತ್ತದೆ, ಬಿತ್ತಿಗೆಯ ನಡುವಿನಲ್ಲಿ ಮಾರಿದರೆ ಕೇಳಿದಷ್ಟು ಬರುತ್ತದೆ. ಅವನ ಹೊಲ ಬಿತ್ತಬೇಕಾದ ದಿನವೇ ಸಂತೆ. ಬೆಳಕು ಹರಿಯುವ ಮೊದಲೇ ಎತ್ತು ಹೊಡೆದುಕೊಂಡು ಹೋಗಿ ಮಾರಿಬಂದೆ. ಲಾಲಸಾಬ ಕೇಳಿದಾಗ, "ಎತ್ತಿಗೆ ಕಾಲುಬಾಯಿ ಬ್ಯಾನಿ ಬಂದೈತಿ, ಔಷಧಕ್ಕ ಮಾವನ ಊರಿಗೆ ಕಳಸೇನಿ" ಎಂದೆ. ಒಂದು ವಾರದ ಮೇಲೆ ಎತ್ತು ಸತ್ತಿತು ಎಂದೆ.

ಸುಳ್ಳು ಅಷ್ಟಕ್ಕೇ ನಿಲ್ಲುತ್ತದೆ ಎಂದುಕೊಂಡಿದ್ದೆ. ಕಾಲುಬಾಯಿ ಬೇನೆ ಒಂದರಿಂದ ಒಂದಕ್ಕೆ ಹತ್ತುವಂಥದ್ದು. ಬೇನೆಯ ಎತ್ತಿನ ಹೆಗಲಿಗೆ ಹೆಗಲು ಕೊಟ್ಟ ಎತ್ತು ಎಂದು, ಲಾಲಸಾಬನ ಎತ್ತನ್ನು ಊರಿನವರು ಯಾರೂ ತಮ್ಮ ಎತ್ತಿನ ಪಕ್ಕ ನಿಲ್ಲಗೊಡಲಿಲ್ಲ. ಅವನು ಮನೆ ಮನೆ ತಿರುಗಿದ. ನೆಲ ಆರಿಹೋಯಿತು. ಬಿತ್ತದ ಹೊಲ ಬಿಟ್ಟು, ಬನಶಂಕರಿ ಹುಣ್ಣಿಮೆಯ ಹೊತ್ತಿಗೆ ಹೆಂಡತಿ ಮಕ್ಕಳನ್ನು ಕರೆದುಕೊಂಡು ಗೋವಾಕ್ಕೆ ಹೋದ. ಒಂದೇ ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ.

ಹಳ್ಳಿಯಲ್ಲಿ ಕಿರಾಣಿ ಅಂಗಡಿಯ ಸಂಗಪ್ಪ ನನ್ನ ಗುರುತು ಹಿಡಿದ. ನನ್ನ ಓರಗೆಯವನು.

"ಯಾರಿದು, ಗುಮಾಸ್ತನೇನೋ! ಇನ್ನೂ ಅದಿ?"

"ಇದ್ದೇನಲ್ಲೋ. ಎತ್ತು ಒಂದೂ ಕಾಣವಲ್ದಲ್ಲ ಊರಾಗ?"

"ಮಣ್ಣೆತ್ತಿನ ಅಮಾಸಿಗೆ ಬಾ, ಮನಿಗೊಂದು ಜೋಡಿ ತೋರಸ್ತೇನಿ. ಮಣ್ಣಿನವ ಅಷ್ಟ ಉಳದಾವ" ಎಂದ. ಉಳಿದದ್ದೆಲ್ಲ ಟ್ರ್ಯಾಕ್ಟರ್.

ಚಹಾ ತರಿಸಿದ. ಹಿಂದೆ ಬೀಗ ಬಿದ್ದಿದ್ದ ಮನೆಗಳನ್ನು ಒಂದೊಂದಾಗಿ ತೋರಿಸಿದ. ಕಾಲುವೆಗೆ ನೀರು ಬಂದಮೇಲೆ ಕೆಲವರು ಗೋವಾದಿಂದ ತಿರುಗಿ ಬಂದಿದ್ದಾರೆ. ಮಕ್ಕಳು ಅಲ್ಲೇ ಉಳಿದು ಮುದುಕರು ಬಂದ ಮನೆಗಳೂ ಇವೆ, ಮುದುಕರು ಅಲ್ಲೇ ತೀರಿ ಮಕ್ಕಳು ಬಂದವೂ ಇವೆ. ಎದುರಿಗೆ ಎರಡಂತಸ್ತಿನ ಮನೆ ಏಳುತ್ತಿತ್ತು. ಮೇಲೆ ಇಟ್ಟಿಗೆ ಹಚ್ಚುತ್ತಿದ್ದವರು ಹಿಂದಿಯಲ್ಲಿ ಮಾತಾಡುತ್ತಿದ್ದರು. "ಬಿಹಾರದವರು. ನಾವು ಗೋವಾಕ್ಕ ಹೋದ್ವಿ, ಅವರು ಇಲ್ಲಿಗೆ ಬಂದ್ರು. ನಮ್ಮೂರೂ ಯಾರಿಗೋ ಗೋವಾ ಆತು ನೋಡಪಾ" ಎಂದ ಸಂಗಪ್ಪ.

ಲಾಲಸಾಬನ ಸುದ್ದಿ ಕೇಳಿದೆ. "ಅಂವ ಇಲ್ಲಿಗೆ ಬರಲಿಲ್ಲ. ಇಂಡಿ ಕಡೆ ಅದಾನಂತ. ಲಿಂಬಿಕಾಯಿ ಮಾರಾಕ ಬರ್ತಾನಂತ" ಎಂದ. ಇದ್ದಾನೆ ಎಂಬುದೊಂದೇ ನನಗೆ ಕೇಳಿಸಿತು. ಚಹಾ ಅರ್ಧಕ್ಕೇ ಬಿಟ್ಟು ಎದ್ದೆ.

ಆ ರಾತ್ರಿ ಬಸವನ ಬಾಗೇವಾಡಿಯಲ್ಲಿ ತಂಗಿಯ ಮಗಳ ಮನೆಯಲ್ಲಿ ಉಳಿದೆ. ಬೆಳಿಗ್ಗೆ ಮಂಡಕ್ಕಿ ಸೂಸಲ, ಮಿರ್ಚಿ ತಿಂದು ವಿಜಯಪುರದ ಬಸ್ಸು ಹತ್ತಿ, ಅಲ್ಲಿಂದ ಇಂಡಿಗೆ ಮಧ್ಯಾಹ್ನಕ್ಕೆ ಮುಟ್ಟಿದೆ. ಬಿಸಿಲು ಚುರುಕಾಗಿತ್ತು. ಮಾರುಕಟ್ಟೆಯ ಹೊರಗೆ ನಿಂತರೂ ಲಿಂಬೆಯ ವಾಸನೆ ಮೂಗಿಗೆ ಹೊಡೆಯುತ್ತದೆ. ಒಳಗೆ ಗುಡ್ಡೆ ಗುಡ್ಡೆ ಕಾಯಿ, ಸುತ್ತಲೂ ಕುಳಿತು ದೊಡ್ಡದು ಸಣ್ಣದು ಆರಿಸುವ ಹೆಂಗಸರು. ನನ್ನ ಅರ್ಧ ಆಯುಷ್ಯ ಅಡತಿ ಅಂಗಡಿಯಲ್ಲಿ ಕಳೆದಿದೆ, ಆದರೂ ಜೋಳ, ತೊಗರಿ ಬಿಟ್ಟು ಹಣ್ಣಿನ ವ್ಯಾಪಾರ ನನಗೆ ಹೊಸದು.

ಒಬ್ಬ ವ್ಯಾಪಾರಿಯನ್ನು ಕೇಳಿದೆ. ಅವನು ಫೋನಿನಿಂದ ತಲೆ ಎತ್ತದೆ ಹೇಳಿದ: "ಯಾವ ಲಾಲಸಾಬ್ರಿ? ಗೋವಾ ಲಾಲಸಾಬೇನು? ಅಂವ ಇಂಡ್ಯಾಗ ಎಲ್ಲದಾನ್ರಿ! ಸಿಂದಗಿ ತಾಲೂಕ ಯಂಕಂಚಿ. ಕಾಯಿ ನಮ್ಮಲ್ಲಿಗೆ ಬರ್ತಾವ. ಫೋನ್ ಹಚ್ಚಿ ಕೊಡ್ಲೇನು?"

"ಬ್ಯಾಡ್ರಿ" ಎಂದೆ. ಫೋನಿನಲ್ಲಿ ಮಾತು ಸಿಕ್ಕರೆ ನಾನು ಕ್ಷೇಮ ಸಮಾಚಾರ ಕೇಳಿ ಮನೆಗೆ ಹೋಗಿಬಿಡುತ್ತೇನೆ ಎಂಬುದು ನನಗೆ ಗೊತ್ತಿತ್ತು.

"ಬೀಗರೇನ್ರಿ?"

"ಇಲ್ಲ. ನಮ್ಮ ಎತ್ತು ಅವನ ಎತ್ತು ಒಂದ ನೊಗಕ್ಕ ಕಟ್ಟತಿದ್ವಿ."

ಅವನು ಈಗ ತಲೆ ಎತ್ತಿದ. "ಹಂಗಾರ ಬೀಗರಕಿಂತ ಹತ್ರದವರ ಆದ್ರಿ" ಎಂದ. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಸಿಂದಗಿಗೆ ಬಂದು ಲಾಡ್ಜಿನಲ್ಲಿ ಮಲಗಿ, ಬೆಳಿಗ್ಗೆ ಯಂಕಂಚಿಯ ಟಂಟಂ ಹತ್ತಿದೆ. ಮೂರು ಗಾಲಿಯ ಆ ಗಾಡಿಯಲ್ಲಿ ಹತ್ತಿ ಬಿಡಿಸಲು ಹೊರಟ ಹೆಂಗಸರ ನಡುವೆ ನಾನೊಬ್ಬ ಮುದುಕ. ಕೂಲಿಯಾಳು ಸಿಗುವುದೇ ಕಷ್ಟವಾಗಿ, ಹೊಲದವರೇ ಗಾಡಿ ಕಳಿಸಿ ಕರೆಸಿಕೊಳ್ಳುತ್ತಾರಂತೆ. "ಮುಂಜಾನೆ ಫೋನ್ ಮಾಡಿ ಯವ್ವಾ ಬಾರವ್ವಾ ಅಂತಾರ. ಮೊದಲ ಹಿಂಗ ಅಂದಿದ್ದ್ರ ಊರು ಯಾಕ ಬಿಡತಿದ್ವಿ?" ಎಂದಳು ಒಬ್ಬಳು. ಉಳಿದವರು ನಕ್ಕರು, ನಾನು ಹೊರಗೆ ನೋಡುತ್ತ ಕುಳಿತೆ.

ಲಾಲಸಾಬ ತೋಟದಲ್ಲೇ ಇದ್ದ. ಲಿಂಬೆ ಗಿಡದ ನೆರಳಿಗೆ ಹಗ್ಗದ ಹೊರಸು ಹಾಕಿಕೊಂಡು ಕುಳಿತಿದ್ದ. ತಲೆಯ ಮೇಲೆ ಬಿಳಿ ಟೋಪಿ, ಗಡ್ಡವೂ ಬಿಳಿ. ನನ್ನನ್ನು ಮೇಲೆ ಕೆಳಗೆ ನೋಡಿದ. ಆಮೇಲೆ ಕೈಯೂರಿ ಎದ್ದ.

"ಏ ನಮ್ಮ ಗುಮಾಸ್ತ! ಯಾವ ಕಡೆ ಹೊತ್ತ ಹುಟ್ಟೇತೋ ಇವತ್ತ?" ಎಂದು ಅಪ್ಪಿಕೊಂಡ. ಒಳಗೆ ಕೂಗಿದ: "ಏ, ಯಾರ ಬಂದಾರ ನೋಡ ಬಾ!"

ಅವನ ಹೆಂಡತಿ ಬಾಗಿಲಿಗೆ ಬಂದಳು. ಅಣ್ಣನ ಹೆಂಡತಿ ಎಂಬಂತೆ ನಾನು ಅವಳನ್ನು ವೈನಿ ಎಂದು ಕರೆಯುತ್ತಿದ್ದೆ. "ಬರ್ರಿ" ಎಂದು ನೀರು ಕೊಟ್ಟು, ರೊಟ್ಟಿ ಬಡಿಯಲು ಒಳಗೆ ಹೋದಳು.

ಲಾಲಸಾಬ ತನ್ನ ಕಥೆಯನ್ನು ಬಿಚ್ಚಿದ. ಇಪ್ಪತ್ತು ಇಪ್ಪತ್ತೈದು ವರ್ಷ ಗೋವಾದಲ್ಲಿ ಗಾರೆ ಕೆಲಸ. ದೊಡ್ಡ ಮಗ ಅಲ್ಲೇ ವಾಸ್ಕೋದಲ್ಲಿ ಉಳಿದ. ಇದು ಹೆಂಡತಿಯ ತವರೂರು. ಅವಳ ಅಣ್ಣಂದಿರು ಪುಣೆ ಸೇರಿ ಹೊಲ ಬೀಳು ಬಿದ್ದಿತ್ತು. ನೀರಿನ ಅನುಕೂಲ ಆದಮೇಲೆ ಇವರು ಬಂದು ಲಿಂಬೆ ಹಚ್ಚಿದರು. ಚಿಕ್ಕ ಮಗ ನೋಡಿಕೊಳ್ಳುತ್ತಾನೆ. "ಚಲೋ ಐತೋ. ಒಂದ ಕೊರತಿ. ಇಕಿಗೆ ಮೀನ ಇಲ್ದ ಊಟ ಇಳಿಯಂಗಿಲ್ಲ, ಇಲ್ಲಿ ಮೀನ ಎಲ್ಲೆ ತರ್ಲಿ?"

ಅವನು ನಗುತ್ತಿದ್ದಾಗಲೇ ನಾನು ಶುರು ಮಾಡಿದೆ. ಇನ್ನೊಂದು ಗಳಿಗೆ ಬಿಟ್ಟರೆ ಊಟ ಬರುತ್ತಿತ್ತು, ಊಟದ ಮೇಲೆ ನನಗೆ ಬಾಯಿ ಬರುತ್ತಿರಲಿಲ್ಲ.

"ಅಣ್ಣಾ, ನನ್ನ ಎತ್ತಿಗೆ ಬ್ಯಾನಿ ಬಂದಿರಲಿಲ್ಲ. ಸಂತ್ಯಾಗ ಮಾರಿ ಬಂದಿದ್ನಿ. ಬ್ಯಾನಿ ಅಂತ ಸುಳ್ಳ ಹೇಳಿದ್ನಿ. ಅದಕ್ಕ ನಿನ್ನ ಎತ್ತಿಗೆ ಯಾರೂ ಜೋಡಿ ಕೊಡ್ಲಿಲ್ಲ. ತಪ್ಪಾತು" ಎಂದು ಅವನ ಕೈ ಹಿಡಿದೆ.

ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಲಾಲಸಾಬ ಎದ್ದು ಹೋಗು ಎನ್ನಬಹುದು, ಹೊಡೆಯಲೂಬಹುದು ಎಂದುಕೊಂಡೆ. ಅವನು ನನ್ನ ಕಡೆ ನೋಡದೆ ಒಳಗಿನ ಕಡೆ ಕೂಗಿದ.

"ಕೇಳಿದೇನ? ಎತ್ತಿಗೆ ಏನೂ ಆಗಿರಲಿಲ್ಲಂತ!"

ವೈನಿ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. "ಈಗ ಕೇಳ್ತೇನ ನಿಮ್ಮ ಕಿವಿಗೆ? ನಾ ಅಂದಾಗ ಕೇಳಿರಲಿಲ್ಲ!"

ಲಾಲಸಾಬ ನನಗೆ ಹೇಳಿದ: "ಇಕಿ ನೋಡಿದ್ಲೋ. ಉಡಿಯಾಗ ಬೀಜ ಕಟ್ಗೊಂಡು ನಸುಕಿನ್ಯಾಗ ಹೊಲಕ್ಕ ಹೋಗಿದ್ಲು. ನಿನ್ನ ಎತ್ತು ಬಾಲ ಬೀಸ್ಕೋತ ಸಂತಿ ಹಾದಿ ಹಿಡದಿತ್ತು, ಬ್ಯಾನಿ ಎಲ್ಲಿದು ಅಂತ ಊರ ಮುಂದ ಅಂದ್ಲು. ನಿನ್ನ ಕರದು ಕೇಳಿದ್ವಿ. ನೀ ಏನಂದಿ, ನೆನಪೈತಿ?"

ನೆನಪಿರಲಿಲ್ಲ. ಅವನು ಕೇಳಿದ ಮೇಲೆ ನೆನಪಾಯಿತು. ಹನುಮಂತದೇವರ ಗುಡಿಯ ಕಟ್ಟೆಯ ಮೇಲೆ ಹಿರಿಯರೆಲ್ಲ ಕುಳಿತಿದ್ದರು. ನಾನು ನಕ್ಕು, "ವೈನಿ ಕತ್ತಲ್ಯಾಗ ಯಾರದೋ ಎಮ್ಮಿ ನೋಡಿರಬೇಕು" ಎಂದಿದ್ದೆ. ಕಟ್ಟೆಯೆಲ್ಲ ನಕ್ಕಿತ್ತು.

"ನಾನೂ ನಕ್ಕಿದ್ನಿ" ಎಂದ ಲಾಲಸಾಬ. "ಮ್ಯಾಲೆ ಇಕಿಗೆ ಬೈದ್ನಿ, ನನ್ನ ಗೆಳ್ಯಾನ ಮ್ಯಾಲ ಸುಳ್ಳ ಹೇಳ್ತೀಯೇನು ಅಂತ. ಗೋವಾದಾಗೂ ಇಕಿ ಏನರ ಕಂಡ್ನಿ ಅಂದ್ರ, ಎಮ್ಮಿಯೋ ಎತ್ತೋ ಸರಿಯಾಗಿ ನೋಡು ಅಂತಿದ್ನಿ. ಮಕ್ಕಳೂ ಕಲತ್ವು. ಮೊಮ್ಮಕ್ಕಳೂ ಅಂತಾವ."

"ಇವತ್ತಿಂದ ಆ ಮಾತು ಬಂದ್" ಎಂದಳು ವೈನಿ. "ಮನ್ಯಾಗ ಎಲ್ಲಾರಿಗೂ ಹೇಳ್ರಿ. ವಾಸ್ಕೋಕ್ಕೂ ಫೋನ್ ಹಚ್ಚರಿ."

ಲಾಲಸಾಬ ನಗಲು ಶುರು ಮಾಡಿದ. ನಕ್ಕು ನಕ್ಕು ಕೆಮ್ಮಿದ, ಟೋಪಿ ತೆಗೆದು ಕಣ್ಣೊರೆಸಿಕೊಂಡ. "ಹೋಗ್ಲಿ ಬಿಡೋ. ಆ ಎತ್ತೂ ಇಲ್ಲ, ನನ್ನ ಎತ್ತೂ ಇಲ್ಲ. ಸಿಟ್ಟು ಯಾರ ಮ್ಯಾಲ ಮಾಡ್ಲಿ? ಏಳು, ಉಣ್ಣೋಣು" ಎಂದ. ಬಿಸಿ ರೊಟ್ಟಿ, ಬದನೆ ಎಣಗಾಯಿ, ಶೇಂಗಾ ಚಟ್ನಿ, ಮೊಸರು. ಮೂರು ದಿನದಲ್ಲಿ ಅದೇ ನನ್ನ ಹೊಟ್ಟೆ ತುಂಬಿದ ಊಟ. ವೈನಿ ಬೇಡವೆಂದರೂ ಮತ್ತೊಂದು ರೊಟ್ಟಿ ಹಾಕಿದಳು. ಹೊರಡುವಾಗ ಚೀಲದ ತುಂಬ ಲಿಂಬೆ ಕೊಟ್ಟಳು. ಲಾಲಸಾಬ ರಸ್ತೆಯವರೆಗೂ ಬಂದ.

ಸಿಂದಗಿಯಿಂದ ದೇವರ ಹಿಪ್ಪರಗಿಯ ದಾರಿಯಾಗಿ ಬಾಗೇವಾಡಿ ಬಸ್ಸು ಸಿಕ್ಕಿತು. ಕಿಟಕಿಯ ಪಕ್ಕದ ಸೀಟು. ಜೋಳದ ಎಳೆಗರಿಗಳ ಮೇಲೆ ಸಂಜೆಯ ಗಾಳಿ ಆಡುತ್ತಿತ್ತು. ಎದೆಯ ಮೇಲಿನ ಕಲ್ಲು ಇಳಿದಂತಾಗಿತ್ತು. ಬಹಳ ವರ್ಷಗಳ ಮೇಲೆ ಬಸ್ಸಿನಲ್ಲಿ ಕುಳಿತಲ್ಲೇ ನಿದ್ದೆ ಹತ್ತಿತು.

ಹಿಪ್ಪರಗಿ ದಾಟುವಾಗ ಎಚ್ಚರವಾಯಿತು. ಲಾಲಸಾಬನ ಕೈ ಹಿಡಿದು ತಪ್ಪಾಯಿತು ಎಂದಿದ್ದೆ. ಅವನು ಕಳೆದುಕೊಂಡದ್ದು ಒಂದು ಬಿತ್ತಿಗೆ. ಕಂಡದ್ದನ್ನು ಕಂಡಂತೆ ಹೇಳಿ, ಊರ ಮುಂದೆ, ಗಂಡನ ಮುಂದೆ, ಮಕ್ಕಳು ಮೊಮ್ಮಕ್ಕಳ ಮುಂದೆ ಇಷ್ಟು ವರ್ಷ ನಗೆಗೀಡಾದವಳು ಎದುರಿಗೇ ನಿಂತಿದ್ದಳು. ಅವಳು ಕೊಟ್ಟ ರೊಟ್ಟಿ ಉಂಡೆ, ಲಿಂಬೆ ತೆಗೆದುಕೊಂಡೆ, ಬರ್ತೇನ್ರಿ ವೈನಿ ಎಂದೆ. ಅವಳಿಗೆ ಆ ಒಂದು ಮಾತು ಹೇಳಲಿಲ್ಲ. ಅಲ್ಲೇ ಇಳಿದು ತಿರುಗಿ ಹೋಗಬಹುದಿತ್ತು. ಬಸ್ಸು ಮುಂದೆ ಹೋಯಿತು, ನಾನೂ ಹೋದೆ. ಆಮೇಲೆ ಲಾಲಸಾಬ ಎರಡು ಸಲ ಫೋನ್ ಮಾಡಿದ್ದಾನೆ. ಅವಳಿಗೆ ಕೊಡು ಎನ್ನಲು ನನಗೆ ಆಗಿಲ್ಲ.

ಇಲ್ಲಿಯವರೆಗೂ ಅವನ ಹೆಂಡತಿ, ವೈನಿ ಎಂದೇ ಬರೆದುಕೊಂಡು ಬಂದಿದ್ದೇನೆ. ಅವಳ ಹೆಸರು ಇಮಾಮಬಿ.