ಟ್ರಯಲ್‌ಗೆ ಕಳಿಸಿದ ಮಗಳು

ಟೈಲರಮ್ಮ ಯಾವ ಬಟ್ಟೆಯನ್ನೂ ಒಂದೇ ಏಟಿಗೆ ಹೊಲಿದು ಕೈತೊಳೆದುಕೊಂಡವಳಲ್ಲ. ಮೊದಲು ಕಚ್ಚಾ ಹೊಲಿಗೆ ಹಾಕಿ, ತೊಡುವವರಿಗೆ ತೊಡಿಸಿ, ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂದು ನೋಡಿದ ಮೇಲೆಯೇ ಗಟ್ಟಿ ಹೊಲಿಗೆ. ಅಂಗಡಿಯಲ್ಲಿ ಅದಕ್ಕೆ ಟ್ರಯಲ್ ಎನ್ನುತ್ತಿದ್ದರು. ಹೆಸರು ತಂದುಕೊಟ್ಟ ಆ ಅಭ್ಯಾಸವೇ ಕೊನೆಗೆ ಅವಳನ್ನು ದಾರಿ ತಪ್ಪಿಸಿತು.

ಹೊಟ್ಟೆಯ ಗಡ್ಡೆ ಇನ್ನು ಯಾವ ಔಷಧಿಗೂ ಬಗ್ಗದು ಎಂದು ಡಾಕ್ಟರು ಹೇಳಿದಾಗ ಅವಳು ಆಸ್ಪತ್ರೆಯಿಂದ ನೆಟ್ಟಗೆ ವಕೀಲರ ಬಳಿ ಹೋದಳು. ಗಂಡ ತೀರಿಕೊಂಡಾಗ ಮಗಳು ಇನ್ನೂ ಹೊಟ್ಟೆಯಲ್ಲಿದ್ದಳು. ಈಗ ಮೂರನೇ ತರಗತಿ.

"ನಿಮ್ಮ ನಂತರ ಮಗೂನ ಯಾರು ನೋಡ್ಕೋಬೇಕು ಅಂತ ಉಯಿಲಲ್ಲಿ ಬರೀಬೇಕು. ಹೆಸರು ಹೇಳಿ."

"ಇನ್ನೂ ಟ್ರಯಲ್ ನೋಡಿಲ್ಲ ಸರ್."

ವಕೀಲರು ಪೆನ್ನು ಕೆಳಗಿಟ್ಟರು. "ತಾಯೀ, ಮಗು ಏನು ಅಂಗಿನಾ?"

ಅವಳು ಕೇಳಲಿಲ್ಲ. ರಜೆಯ ನೆಪದಲ್ಲಿ ಮಗಳನ್ನು ಮೊದಲು ಅಕ್ಕನ ಮನೆಗೆ ಕಳಿಸಿದಳು. ನಿಜ ಹೇಳಿದರೆ ಕೂಸು ಹೆದರೀತೆಂದು ಕಾರಣ ಹೇಳಲಿಲ್ಲ.

ವಾರ ತುಂಬುವ ಮೊದಲೇ ಅಕ್ಕ ಹುಡುಗಿಯ ರಟ್ಟೆ ಹಿಡಿದು ತಂದು ಬಿಟ್ಟಳು. "ತಗೋ ನಿನ್ನ ರತ್ನಾನ. ತಟ್ಟೆ ಎಸೆದ್ಲು. ನಿನ್ನ ಭಾವನ್ನ ಬೋಳ ಅಂದ್ಲು."

"ಭಾವ ಬೋಳರೇ ಅಲ್ವೇನಕ್ಕಾ?"

"ಅದನ್ನ ಮುಖಕ್ಕೆ ಹೊಡೆದ ಹಾಗೆ ಹೇಳ್ತಾರಾ? ನನ್ನ ಕೈಲಾಗಲ್ಲ ಕಣೇ. ಇವಳು ತಲೆ ಮೇಲೆ ಮೆಣಸು ಅರೆಯೋ ಪೈಕಿ."

ತಮ್ಮನ ಮನೆಯಲ್ಲಿ ಹುಡುಗಿ ಪರದೆ ಕತ್ತರಿಸಿ ಹಾಕಿದಳು. ಅವನೂ ವಾಪಸು ಕಳಿಸಿದ; ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಇತ್ತ ಟೈಲರಮ್ಮನಿಗೆ ಪೆಡಲ್ ತುಳಿಯಲು ಕಾಲು ಏಳದಾಯಿತು. ರಕ್ತ ಹಂಚಿಕೊಂಡವರು ಇನ್ನು ಯಾರೂ ಉಳಿದಿರಲಿಲ್ಲ.

ಉಳಿದವಳು ಕಾಜಾ ಅಕ್ಕ. ಟೈಲರಮ್ಮನ ಅಂಗಡಿಯ ಮೂಲೆಯಲ್ಲಿ ಗುಂಡಿತೂತುಗಳಿಗೆ ಕಾಜಾ ಹೊಲಿದು ಗುಂಡಿ ಹಾಕುತ್ತಿದ್ದ ಒಂಟಿ ಹೆಂಗಸು; ಒಂದೇ ಕೋಣೆಯ ಸಂಸಾರ. ಅವಳ ಮನೆಯಲ್ಲಿ ಹುಡುಗಿ ಅವಳ ಮುಂಗೈಯನ್ನೇ ಕಚ್ಚಿದಳು. ಕಾಜಾ ಅಕ್ಕ ಗಾಯಕ್ಕೆ ಮುಲಾಮು ಹಚ್ಚಿಕೊಳ್ಳುತ್ತಾ ಕೇಳಿದಳು: "ಹಲ್ಲು ಗಟ್ಟಿಯಾಗಿದೆ, ಸಂತೋಷ. ಯಾಕೆ ಕಚ್ಚಿದ್ದು?"

"ಕಚ್ಚಿದ್ರೆ ಅಮ್ಮನ ಹತ್ರ ಕಳಿಸ್ತೀರಲ್ಲ, ಅದಕ್ಕೆ."

ಮರುದಿನ ಅಂಗಡಿಯಲ್ಲಿ ಈ ಮಾತು ಟೈಲರಮ್ಮನ ಕಿವಿಗೆ ಬಿತ್ತು. "ನೀನು ಅವಳನ್ನ ಯಾರಿಗೋ ಕೊಟ್ಟುಬಿಡ್ತೀಯ ಅಂದ್ಕೊಂಡಿದೆ ಕಣೇ ಆ ಜೀವ," ಎಂದಳು ಕಾಜಾ ಅಕ್ಕ. "ನಾನಂತೂ ವಾಪಸು ಕಳಿಸಲ್ಲ. ಆದ್ರೆ ನೀನು ಮೊದಲು ನಿಜ ಹೇಳು."

ಟೈಲರಮ್ಮ ಮಗಳನ್ನು ಕಟಿಂಗ್ ಟೇಬಲ್ಲಿನ ಮೇಲೆ ಕೂರಿಸಿ ಹೇಳಿದಳು. ಕಾಯಿಲೆ ವಾಸಿಯಾಗದು, ಅಮ್ಮ ಇರುವುದಿಲ್ಲ, ಅದಕ್ಕೇ ಒಂದು ಮನೆ ಹುಡುಕುತ್ತಿದ್ದುದು ಎಂದು.

"ಕಾಜಾ ಅಕ್ಕ ಆದ್ರೆ ಪರವಾಗಿಲ್ಲ," ಎಂದಳು ಮಗಳು ಕಾಲು ಆಡಿಸುತ್ತಾ. ಆಮೇಲೆ, "ಅಮ್ಮಾ, ನಾನು ಇನ್ಮೇಲೆ ಒಳ್ಳೆಯವಳಾಗಿದ್ರೆ ನೀನು ಇರ್ತೀಯಾ?"

ಟೈಲರಮ್ಮ ಇಲ್ಲ ಎಂದಳು. ಮಗಳು ನಂಬಲಿಲ್ಲ.

ಉಯಿಲಿಗೆ ರುಜು ಬಿತ್ತು. ಪೋಷಕಿಯಾಗಿ ಕಾಜಾ ಅಕ್ಕನ ಹೆಸರು. ಅಂದಿನಿಂದ ಹುಡುಗಿ ಬಡಿಸಿದ್ದನ್ನು ತುಟಿಪಿಟಕ್ಕೆನ್ನದೆ ಉಂಡಳು, ತಾನೇ ಜಡೆ ಹೆಣೆದುಕೊಂಡಳು, ಅಮ್ಮನ ಹಾಸಿಗೆಯ ಪಕ್ಕ ಪರರ ಮನೆಯ ಅತಿಥಿಯಂತೆ ಕೈಕಟ್ಟಿ ಕೂತಳು. "ಒಂದ್ಸಲ ಹಟ ಮಾಡೇ ಕಂದಾ, ಒಂದೇ ಒಂದ್ಸಲ," ಎಂದು ತಾಯಿ ಅಂಗಲಾಚಿದರೂ ತಲೆ ಅಲ್ಲಾಡಿಸುತ್ತಿದ್ದಳು.

ಟೈಲರಮ್ಮ ಕಣ್ಣು ಮುಚ್ಚುವವರೆಗೂ ಮಗಳು ಒಂದೂ ತಂಟೆ ಮಾಡಲಿಲ್ಲ.