ಕಾಕಾನ ಕಾರಿಗೆ ಹೊಸ ಪೈಪು

ಕಾಕಾನ ಕಾರಿನ ರೇಡಿಯೇಟರ್ ಪೈಪುಗಳು ಐನಾಪುರದಿಂದ ಚಿಕ್ಕೋಡಿಗೆ ಬಸ್ಸಿನಲ್ಲಿ ಬಂದವು. ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಚಿಕ್ಕೋಡಿಯಲ್ಲಿ ಒಂದು ದಿನಪತ್ರಿಕೆಯ ವರದಿಗಾರನಾಗಿದ್ದೆ. ನಮ್ಮ ಕಡೆ ಒಂದು ಊರಿನಿಂದ ಇನ್ನೊಂದು ಊರಿಗೆ ಏನಾದರೂ ಕಳಿಸಬೇಕಾದರೆ ಕಂಡಕ್ಟರನ ಕೈಗೆ ಕೊಟ್ಟು, ಇಂಥವರು ಬಂದು ಇಳಿಸಿಕೊಳ್ಳುತ್ತಾರೆ ಎಂದು ಹೇಳಿಬಿಡುವುದು ರೂಢಿ. ರೊಟ್ಟಿಯ ಗಂಟು, ದ್ರಾಕ್ಷಿಯ ಬುಟ್ಟಿ, ಲಗ್ನಪತ್ರಿಕೆ ಎಲ್ಲವೂ ಹಾಗೆಯೇ ಓಡಾಡುತ್ತಿದ್ದವು. ಆ ದಿನ ಕಂಡಕ್ಟರ್ ಕಿಟಕಿಯಿಂದ ಕೊಟ್ಟ ಚೀಲ ಹಿಡಿದಾಗ ಕೈ ಒದ್ದೆಯಾಯಿತು.

“ಏನ್ರಿ ಇದು, ಹಾವ ಕಟ್ಟಿ ಕಳಿಸ್ಯಾರೇನು?” ಎಂದ ಅವನು. “ಸೀಟಿನ ಬುಡಕ ದಾರಿ ತುಂಬ ಉಚ್ಚಿ ಹೊಯ್ಕೊಂತ ಬಂದೈತಿ. ಇಂಥಾವ ಎರಡ ಹೊಸಾವು ಬೇಕಂತ್ರಿ. ಶನಿವಾರ ತಗೊಂಡ ಬಾ ಅಂತ ನಿಮ್ಮ ಕಾಕಾರು ಹೇಳ್ಯಾರ. ರವಿವಾರ ದೊಡ್ಡಾವ್ರು ಗಾಡ್ಯಾಗ ಕುಂತು ಅಥಣಿಗಿ ಹೊಂಟಾರಂತ.”

ಚೀಲದಲ್ಲಿ ಎರಡು ರಬ್ಬರ್ ಪೈಪುಗಳಿದ್ದವು. ರೇಡಿಯೇಟರಿನ ಮೇಲ್ಗಡೆಯದು ಬಾಯಿಯ ಹತ್ತಿರ ಸೀಳಿತ್ತು. ಸೀಳಿಗೆ ಯಾರೋ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿದ್ದರು. ಕೆಳಗಡೆಯದು ಹಣ್ಣಾದ ಬದನೆಕಾಯಿಯ ಹಾಗೆ ಮೆತ್ತಗಾಗಿ ಉಬ್ಬಿತ್ತು. ಒಳಗೆ ತುಕ್ಕು ಹಿಡಿದ ತಂತಿಯ ಸುರುಳಿ ಇತ್ತು. ಎರಡೂ ಬಹಳ ದಿನ ಬಾಳಿದ್ದವು. ಕಂಡಕ್ಟರ್ ಹೇಳಿದ ಕೊನೆಯ ಮಾತಿನಿಂದ ಅವಸರ ಏಕೆಂಬುದೂ ತಿಳಿಯಿತು.

ನನ್ನ ತಂದೆಯವರು ಮೂವರು ಅಣ್ಣತಮ್ಮಂದಿರು. ತಂದೆ ನಡುವಿನವರು, ನೌಕರಿಯ ಮೇಲೆ ಹೊರಗಿದ್ದರು. ಕಬ್ಬು ಮತ್ತು ದ್ರಾಕ್ಷಿಯ ಹೊಲ ದೊಡ್ಡಪ್ಪ ಹಾಗೂ ಕಾಕಾನ ಕೈಯಲ್ಲಿತ್ತು ಎಂದು ಹೇಳುವುದು ವಾಡಿಕೆಯಾದರೂ ಅದು ಇದ್ದದ್ದು ದೊಡ್ಡಪ್ಪನವರ ಕೈಯಲ್ಲಿ. ಯಾವ ಎತ್ತು ಕೊಳ್ಳಬೇಕು, ದ್ರಾಕ್ಷಿಗೆ ಯಾವಾಗ ಔಷಧ ಹೊಡೆಯಬೇಕು, ಮನೆಗೆ ಯಾವ ಬಣ್ಣ ಬಳಿಯಬೇಕು ಎಂಬುದನ್ನು ಅವರೇ ಹೇಳುತ್ತಿದ್ದರು. ಕಾಕಾ ನಲವತ್ತು ದಾಟಿದ್ದ. ಅಣ್ಣನನ್ನು ಕೇಳದೆ ಅವನು ಮನೆಗೆ ತಂದ ಮೊದಲ ವಸ್ತು ಆ ಕಾರು. ರಾಯಬಾಗದ ಒಬ್ಬರು ಬಹಳ ವರ್ಷ ಓಡಿಸಿ ಬಿಟ್ಟಿದ್ದ ಬಿಳಿ ಕಾರು. ಅಂಗಳದಲ್ಲಿ ತಂದು ನಿಲ್ಲಿಸಿದ ದಿನ ದೊಡ್ಡಪ್ಪ ಅದರ ಸುತ್ತ ಒಂದು ಸುತ್ತು ಬಂದು ಒಳಗೆ ಹೋದರಂತೆ.

ಕಾರು ಎರಡು ಸಲ ದಾರಿಯಲ್ಲಿ ಕುದಿದು ನಿಂತಿತು. ಒಮ್ಮೆ ಕಾಗವಾಡದ ಹತ್ತಿರ, ಒಮ್ಮೆ ಚಿಂಚಲಿಯಿಂದ ಬರುವಾಗ. ಎರಡನೆಯ ಸಲ ಒಳಗೆ ದೊಡ್ಡವ್ವ ಮತ್ತು ಕಾಕಾನ ಹೆಂಡತಿ ಕಾಕು ಇದ್ದರು. ಇಬ್ಬರೂ ಕಬ್ಬು ಹೇರಿದ್ದ ಟ್ರ್ಯಾಲಿಯ ಮೇಲೆ ಕೂತು ಊರು ಸೇರಿದರು. ಅಂದು ದೊಡ್ಡಪ್ಪ ಷರತ್ತು ಹಾಕಿದರು. ರವಿವಾರ ಅಥಣಿಯ ಬೀಗರ ಮನೆಗೆ ತಾವೇ ಆ ಕಾರಿನಲ್ಲಿ ಹೋಗುವುದು. ದಾರಿಯಲ್ಲಿ ನಿಂತರೆ ಮಾರಿಬಿಡುವುದು. ಬಾಡಿಗೆಗೆ ಓಡಿಸಲು ಕೊಳ್ಳುವವನೊಬ್ಬ ಬಂದು ನೋಡಿಯೂ ಹೋಗಿದ್ದ.

ನಾನು ಮರುದಿನ ಹಳೆಯ ಪೈಪುಗಳನ್ನು ಹಿಡಿದು ನಿಪ್ಪಾಣಿಗೆ ಹೋದೆ. ಹೆದ್ದಾರಿಯ ಮೇಲಿನ ಊರಾದ್ದರಿಂದ ಲಾರಿ, ಕಾರುಗಳ ಬಿಡಿಭಾಗದ ಅಂಗಡಿಗಳು ಅಲ್ಲಿ ಸಾಲಾಗಿದ್ದವು. ಅಂಗಡಿಯವನು ಮೇಲ್ಗಡೆಯದಕ್ಕೆ ಸರಿಯಾದ ಪೈಪು ಕೊಟ್ಟ. ಕೆಳಗಡೆಯದು ಇರಲಿಲ್ಲ. ಬೇರೊಂದನ್ನು ತೆಗೆದು, ಹಳೆಯದರ ಬಾಯಿಗೆ ಬಾಯಿ ಹಚ್ಚಿ ನೋಡಿ, “ಜೀಪಚಂ ಆಹೆ. ಬಸೇಲ,” ಎಂದ. ಜೀಪಿನದು, ಕೂರುತ್ತದೆ ಎಂದು ಅರ್ಥ. ಒಂದು ಕೂದಲೆಳೆಯಷ್ಟು ಅಗಲ ಹೆಚ್ಚು ಕಾಣುತ್ತಿತ್ತು. ಹೊಸ ಕ್ಲಿಪ್ಪುಗಳನ್ನೂ ಕೊಟ್ಟು, ಬಿಗಿ ಮಾಡಿದರೆ ಆಯಿತೆಂದ.

ಶನಿವಾರ ಮಧ್ಯಾಹ್ನ ಐನಾಪುರ ಮುಟ್ಟಿದಾಗ ಕಾರು ಬೇವಿನ ಗಿಡದ ಕೆಳಗೆ ಬಾನೆಟ್ ತೆರೆದು ನಿಂತಿತ್ತು. ಕಾಗವಾಡದಿಂದ ಬಂದಿದ್ದ ಮಿಸ್ತ್ರಿ ಅದರ ಮುಂದೆ ಚಹಾ ಕುಡಿಯುತ್ತಿದ್ದ. ಅವನು ಕೈಗಿಂತ ಬಾಯಿಯನ್ನು ಹೆಚ್ಚು ಆಡಿಸುವ ಮನುಷ್ಯ.

“ತಂದ್ರ್ಯಾ? ಕೊಡ್ರಿ ಇತ್ತ. ಇಂಥಾ ಗಾಡಿ ಕಣ್ಣ ಮುಚ್ಚಿ ಬಿಚ್ಚತೇನ್ರಿ ನಾ.”

“ಕಣ್ಣ ತಗದ ಬಿಚ್ಚೋ ಮಾರಾಯಾ,” ಎಂದ ಕಾಕಾ. “ಹ್ವಾದ ಸರ್ತಿ ಮುಚ್ಚಿ ಬಿಚ್ಚಿದ್ದಕ್ಕ ಹಾರನ್ ಬಂದ್ ಆಗೈತಿ.”

ಮಿಸ್ತ್ರಿ ಮೊದಲು ರೇಡಿಯೇಟರಿನ ಮತ್ತು ಎಂಜಿನ್ನಿನ ಕೊಳವೆಯ ಬಾಯಿಗಳಿಗೆ ಹತ್ತಿದ್ದ ತುಕ್ಕನ್ನು ಉಜ್ಜುಕಾಗದದಿಂದ ತೆಗೆದ. ತುಕ್ಕಿನ ಮೇಲೆ ಎಂಥ ಪೈಪು ಕೂಡಿಸಿದರೂ ನೀರು ದಾರಿ ಮಾಡಿಕೊಳ್ಳುತ್ತದೆ. ಹೊಸ ಪೈಪಿನ ಬಾಯೊಳಗೆ ಸಾಬೂನಿನ ನೀರು ಸವರಿ, ಕ್ಲಿಪ್ಪನ್ನು ಮೊದಲೇ ಪೋಣಿಸಿಕೊಂಡು, ತಿರುವುತ್ತ ಒಳಗೆ ಏರಿಸಿದ. ಮೇಲ್ಗಡೆಯದು ಸುಲಭವಾಗಿ ಕೂತಿತು. ಕೆಳಗಡೆಯದಕ್ಕೆ ಕಾರಿನ ಅಡಿ ಚಾಪೆ ಹಾಸಿಕೊಂಡು ಮಲಗಬೇಕಾಯಿತು. ಹಳೆಯ ಪೈಪಿನ ತಂತಿ ಸುರುಳಿಯನ್ನು ಎಳೆದು, ತುಕ್ಕು ಝಾಡಿಸಿ, ಹೊಸದರೊಳಗೆ ತೂರಿಸಿದ. ಎಂಜಿನ್ ಜೋರಾಗಿ ಓಡುವಾಗ ಕೆಳಗಿನ ಪೈಪು ನೀರನ್ನು ಎಳೆಯುತ್ತದೆ. ಸುರುಳಿ ಇಲ್ಲದಿದ್ದರೆ ಕೆನ್ನೆ ಒಳಗೆಳೆದುಕೊಂಡ ಹಾಗೆ ಚಪ್ಪಟೆಯಾಗಿ ನೀರು ನಿಲ್ಲುತ್ತದೆ ಎಂದು ಅಡಿಯಿಂದಲೇ ಭಾಷಣ ಮಾಡಿದ.

ಬಾವಿಯ ನೀರು ತುಂಬಿದರು. ರೇಡಿಯೇಟರಿಗೆ ಹಾಕಲು ಬೇರೆ ಬಣ್ಣದ ನೀರು ಸಿಗುತ್ತದೆ ಎಂಬುದು ಆಗ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಕಾಕಾ ಊರಾಚೆಯವರೆಗೆ ಓಡಿಸಿಕೊಂಡು ಬಂದ. ಶಾಖದ ಮುಳ್ಳು ನಡುವಿಗಿಂತ ಮೇಲೇರಲಿಲ್ಲ. ಆದರೂ ಅವನು ಮಿಸ್ತ್ರಿಯನ್ನು ಬಿಡಲಿಲ್ಲ.

“ನಾಳೆ ನಮ್ಮ ಜೋಡಿ ಅಥಣಿಗಿ ನಡಿ. ಹೋಳಿಗಿ ಊಟ ಐತಿ.”

“ಬಸರಿ ಜೋಡಿ ಸೂಲಗಿತ್ತಿನ ಕಳಿಸಿದಂಗಾತಲ್ರಿ,” ಎಂದು ಮಿಸ್ತ್ರಿ ನಕ್ಕ. ರಾತ್ರಿ ಊರಲ್ಲೇ ಇದ್ದ ತನ್ನ ನೆಂಟರ ಮನೆಗೆ ಹೋದ.

ದೊಡ್ಡಪ್ಪ ಈ ಎಲ್ಲ ಹೊತ್ತಿನಲ್ಲಿ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದರು. ಕಾರಿನ ಕಡೆ ನೋಡಲಿಲ್ಲ ಎಂದೇ ನಾವು ತಿಳಿದಿದ್ದೆವು.

ರವಿವಾರ ಬೆಳಿಗ್ಗೆ ದೊಡ್ಡಪ್ಪ ಬಿಳಿ ಧೋತರ ಉಟ್ಟು, ತಲೆಗೆ ಹಳದಿ ಪಟಗಾ ಸುತ್ತಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ನಾನೂ ಮಿಸ್ತ್ರಿಯೂ ಹಿಂದೆ ಕೂತೆವು. ಕಾಕಾ ಕೈಮುಗಿದು ಚಾವಿ ತಿರುವಿದ. ಬಸ್ ಸ್ಟ್ಯಾಂಡ್ ದಾಟಿ ದ್ರಾಕ್ಷಿ ತೋಟಗಳು ಶುರುವಾಗುವ ಹೊತ್ತಿಗೆ ಮುಳ್ಳು ನಡುವಿಗೆ ಬಂತು. ಅಲ್ಲಿ ನಿಲ್ಲಲಿಲ್ಲ. ಏರುತ್ತ ಕೆಂಪು ಗೆರೆ ಮುಟ್ಟಿತು. ಬಾನೆಟ್ಟಿನ ಸಂದಿಯಿಂದ ಹಬೆ ಬಂತು. ಕಾಕಾ ಕಾರನ್ನು ರಸ್ತೆಯ ಬದಿಗೆ ತಂದು ನಿಲ್ಲಿಸಿದ. ಎರಡೂ ಕೈ ಸ್ಟೇರಿಂಗ್ ಮೇಲೆಯೇ ಇದ್ದವು. ಷರತ್ತಿನ ಪ್ರಕಾರ ವಿಷಯ ಮುಗಿದಿತ್ತು. ಊರು ಇನ್ನೂ ಹಿಂದೆ ಕಾಣುತ್ತಿತ್ತು.

ದೊಡ್ಡಪ್ಪ ಮುಂದಿನ ಗಾಜಿನಿಂದ ಆಚೆ ನೋಡುತ್ತ, “ಯಾಕ ನಿಂತ್ತು?” ಎಂದಷ್ಟೇ ಕೇಳಿದರು.

ಮಿಸ್ತ್ರಿ ಇಳಿದ. ಎರಡೂ ಪೈಪು ಮುಟ್ಟಿ ನೋಡಿದ. ಮೇಲಿನದು ಸುಡುತ್ತಿತ್ತು, ಕೆಳಗಿನದು ತಣ್ಣಗಿತ್ತು. ನೀರು ರೇಡಿಯೇಟರಿನಲ್ಲಿ ಇಳಿಯುತ್ತಿಲ್ಲ ಎಂದ. ಎಂಜಿನ್ ಆರುವ ತನಕ ಕಾದು, ಗೋಣಿತಟ್ಟು ಹಿಡಿದು ಮುಚ್ಚಳ ತೆಗೆದ. ಬಗ್ಗಿ ನೋಡಿದ, ಮೂಸಿದ, ಬೆರಳು ಅದ್ದಿ ಮೇಲೆತ್ತಿದ. ಬೆರಳಿಗೆ ಹಸಿರು ರಾಡಿ ಹತ್ತಿತ್ತು.

“ಯಪ್ಪಾ! ಇದು ಗಾಡಿ ಅಲ್ರಿ, ಎಮ್ಮಿ. ಸಗಣಿ ಹಾಕೈತಿ!”

ದಾರಿಹೋಕರು ನಿಂತರು. ಕಾಕಾ ಓಡಿ ಬಂದು ನೋಡಿದ. ಅವನ ಮುಖ ಕೆಂಪಾಯಿತು. ಕೊಳ್ಳಲು ಬಂದವನು ಮಾಡಿಸಿದ ಕೆಲಸ ಎಂದೋ, ಓಣಿಯ ಯಾರೋ ಹೊಟ್ಟೆಕಿಚ್ಚಿಗೆ ಹಾಕಿದ್ದಾರೆಂದೋ ಅವನಿಗೆ ಅನಿಸಿರಬೇಕು.

“ಯಾವನ್ಲೇ ಅಂವ, ನನ್ನ ಗಾಡ್ಯಾಗ ಸಗಣಿ ಹಾಕಿದಾಂವ? ಗೊತ್ತಾಗ್ಲಿ, ಅವನ ಬಾಯಾಗ…”

“ನಾ ಹಾಕೇನಿ,” ಎಂದರು ದೊಡ್ಡಪ್ಪ, ಸೀಟಿನಲ್ಲಿ ಕೂತಲ್ಲಿಂದಲೇ. “ಮುಂದಿಂದು ಹೇಳು. ಬಾಯಾಗ ಏನ್ ಹಾಕಾಂವಿದ್ದಿ?”

ಮಿಸ್ತ್ರಿ ನಗು ತಡೆಯಲು ಬಾನೆಟ್ಟಿನೊಳಗೆ ತಲೆ ಹಾಕಿದ.

ಸಂಗತಿ ಹೀಗಿತ್ತು. ಜೀಪಿನ ಪೈಪು ಕೂದಲೆಳೆ ಅಗಲವಾಗಿದ್ದರಿಂದ ಶನಿವಾರ ಸಂಜೆ ಅದರ ಬಾಯಿಂದ ಒಂದೊಂದೇ ಹನಿ ಬೀಳುತ್ತಿತ್ತು. ನಾವು ಯಾರೂ ಗಮನಿಸಿರಲಿಲ್ಲ. ಕಟ್ಟೆಯ ಮೇಲಿಂದ ದೊಡ್ಡಪ್ಪ ಗಮನಿಸಿದ್ದರು. ನಮ್ಮ ಹೊಲಕ್ಕೆ ಕೃಷ್ಣೆಯಿಂದ ಪಂಪಿನಲ್ಲಿ ನೀರು ಎತ್ತುತ್ತಿದ್ದರು. ಹೊಳೆಯೊಳಗಿನ ಪೈಪಿನ ತುದಿಯ ವಾಲ್ವು ಸೋರಿದರೆ ಪಂಪು ಗಾಳಿ ಹಿಡಿದು ನೀರೆತ್ತುವುದಿಲ್ಲ. ಆಗ ಹೊಳೆಸಾಲಿನ ರೈತರೆಲ್ಲ ಮಾಡುವುದು ಒಂದೇ: ಸಗಣಿ ಕಲಸಿದ ನೀರನ್ನು ಪಂಪಿನ ಬಾಯಿಗೆ ಸುರಿಯುವುದು. ಸಗಣಿಯ ನಾರು ಹೋಗಿ ಸಂದಿಯಲ್ಲಿ ಕೂರುತ್ತದೆ, ಪಂಪು ನೀರು ಹಿಡಿಯುತ್ತದೆ. ದೊಡ್ಡಪ್ಪ ಬೆಳಗಿನ ಹಾಲು ಕರೆಯುವ ಹೊತ್ತಿಗೆ ಎದ್ದು, ಎಮ್ಮೆಯ ಸಗಣಿಯನ್ನು ಬಟ್ಟೆಯಲ್ಲಿ ಸೋಸಿ, ತಂಬಿಗೆಯಲ್ಲಿ ತಂದು ರೇಡಿಯೇಟರಿಗೆ ಹಾಕಿದ್ದರು. ನಾರು ಸೋರುವ ಬಾಯಿಗೆ ಹೋಗದೆ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕೂತಿತ್ತು.

“ಅಣ್ಣಾ, ಮಾರತೇನಿ ಅನ್ನಾಂವನೂ ನೀನ, ಔಷಧಾ ಹಾಕಾಂವನೂ ನೀನ?” ಎಂದ ಕಾಕಾ.

“ಬೀಗರ ಮನಿಗಿ ಹೊಂಟೇವಿ. ನಡು ದಾರ್ಯಾಗ ನಿಂತ್ರ ಮರ್ಯಾದಿ ಯಾರದು ಹೋಗತೈತಿ? ನಿಂದೊಂದ?”

ಎಲ್ಲರೂ ಸೇರಿ ಕಾರನ್ನು ಹತ್ತಿರದ ತೋಟದೊಳಗೆ ದಬ್ಬಿದೆವು. ಅಲ್ಲಿ ಬಾವಿಯ ಮೇಲೆ ಪಂಪು ಚಾಲೂ ಇತ್ತು. ಮಿಸ್ತ್ರಿ ಎರಡೂ ಪೈಪು ಕಳಚಿ, ಪಂಪಿನ ನೀರನ್ನು ರೇಡಿಯೇಟರಿನ ಕೆಳಬಾಯಿಯಿಂದ ಜೋರಾಗಿ ಬಿಟ್ಟ. ನೀರು ಎಂದಿನ ದಾರಿಗೆ ತಿರುಗಾಮುರುಗಾ ಹರಿದು ಮೇಲಿನ ಬಾಯಿಂದ ಹಸಿರಾಗಿ ಚಿಮ್ಮಿ, ಬಳ್ಳಿಯ ಸಾಲಿಗೆ ಹೋಯಿತು.

“ಬಿಡ್ರಿ, ಬಿಡ್ರಿ,” ಎಂದ ತೋಟದವನು. “ನಮ್ಮ ಬಳ್ಳಿಗೆ ಗೊಬ್ಬರಾತು. ಮುಂದಿನ ರವಿವಾರನೂ ಬರ್ರಿ.”

ದೊಡ್ಡಪ್ಪ ಕಾರಿನಿಂದ ಇಳಿದಿದ್ದರು. ಮೊದಲು ದೂರ ನಿಂತಿದ್ದವರು ಸ್ವಲ್ಪ ಸ್ವಲ್ಪವೇ ಹತ್ತಿರ ಬಂದು, ಧೋತರದ ಚುಂಗು ಎತ್ತಿ ಹಿಡಿದು, ಎಂಜಿನ್ನಿನೊಳಗೆ ಬಗ್ಗಿದರು.

“ಈ ನೀರು ತಿರಗೂದು ಹ್ಯಾಂಗೋ? ದಬ್ಬಾವ್ರು ಯಾರು?”

“ಇಲ್ಲಿ ಒಳಗ ಒಂದು ಪಂಪ ಐತ್ರಿ ಮಾಲಕರ. ಫ್ಯಾನಿನ ಪಟ್ಟಾ ತಿರಗಿದಂಗ ಅದೂ ತಿರಗತೈತಿ.”

“ಪಂಪ ಐತಿ? ಒಳಗ?” ದೊಡ್ಡಪ್ಪ ತಮ್ಮನ ಕಡೆ ತಿರುಗಿದರು. “ಇದನ್ನ ಯಾಕ ಮೊದಲ ಹೇಳಲಿಲ್ಲ ನೀ?”

“ನೀ ಎಲ್ಲಿ ಕೇಳಿದಿ?” ಎಂದ ಕಾಕಾ.

ಅವರು ಮತ್ತೆ ಕೇಳತೊಡಗಿದರು. ಬಿಸಿ ನೀರು ಯಾವ ಪೈಪಿನಲ್ಲಿ, ಆರಿದ್ದು ಯಾವುದರಲ್ಲಿ, ಫ್ಯಾನು ಯಾಕೆ, ಸುರುಳಿ ಯಾಕೆ. ಪ್ರಶ್ನೆ ಒಂದೂ ದಡ್ಡತನದ್ದಾಗಿರಲಿಲ್ಲ. ಜೀಪಿನ ಪೈಪಿನ ಬಾಯಡಿ ಸೈಕಲ್ ಟ್ಯೂಬಿನ ತುಂಡು ಒಂದು ಸುತ್ತು ಕೊಟ್ಟರೆ ಅಗಲ ಸರಿಹೋಗುತ್ತದೆ ಎಂದು ಮಿಸ್ತ್ರಿಗಿಂತ ಮೊದಲು ಅವರೇ ಹೇಳಿದರು. ಮಿಸ್ತ್ರಿ, ತಾನೂ ಅದನ್ನೇ ಹೇಳುವವನಿದ್ದೆ ಎಂದ. ಕ್ಲಿಪ್ಪು ಬಿಗಿಯುವಾಗ ದೊಡ್ಡಪ್ಪ ಮುಂದೆ ನಿಂತು, “ಸಾಕು, ರಬ್ಬರ ಕಡದೀತು,” ಎಂದರು. ಕಾಕಾ ನೀರಿನ ಕೊಡ ಹಿಡಿದು ಹಿಂದೆ ನಿಂತಿದ್ದ.

ಅಥಣಿ ಮುಟ್ಟಿದಾಗ ಹೊತ್ತು ಏರಿತ್ತು. ಬೀಗರು ಊಟಕ್ಕೆ ಕಾದಿದ್ದರು. ದಾರಿಯುದ್ದಕ್ಕೂ ಮುಳ್ಳು ನಡುವಿನಿಂದ ಕದಲಲಿಲ್ಲ. ಕಾಕಾ ರಸ್ತೆಯನ್ನೂ ದೊಡ್ಡಪ್ಪ ಮುಳ್ಳನ್ನೂ ನೋಡುತ್ತ ಬಂದರು. ಊಟಕ್ಕೆ ಕೂತಾಗ ಬೀಗರು ತಡವಾದ ಕಾರಣ ಕೇಳಿದರು. ದೊಡ್ಡಪ್ಪ ಸಗಣಿಯ ವಿಷಯ ಬಿಟ್ಟು, ಉಳಿದುದನ್ನೆಲ್ಲ ಹೇಳಿದರು. ಹೋಳಿಗೆಯ ತುಂಡನ್ನು ಎಂಜಿನ್ ಮಾಡಿ, ಎರಡು ಹುರಿದ ಮೆಣಸಿನಕಾಯಿಗಳನ್ನು ಪೈಪು ಮಾಡಿ ತಾಟಿನಲ್ಲಿ ತೋರಿಸಿದರು.

“ನಮ್ಮ ಗಾಡಿ ಹಳೇದಿದ್ರೂ ಗಟ್ಟಿ ಐತ್ರಿ,” ಎಂದರು.

ಕಾಕಾ ಹಾಲು ತುಪ್ಪ ಸುರಿದುಕೊಂಡು ತಲೆಯೆತ್ತದೆ ಊಟ ಮಾಡಿದ. ‘ನಮ್ಮ’ ಎಂಬ ಮಾತು ಅವನಿಗೂ ಕೇಳಿಸಿತ್ತು ಎಂದು ನನ್ನ ಅಂದಾಜು.

ಕೊಳ್ಳುವವನು ಮುಂದಿನ ವಾರ ಬಂದ. ದೊಡ್ಡಪ್ಪ ಅವನಿಗೆ ಚಹಾ ಕೊಟ್ಟು, ಮಾರುವುದಿಲ್ಲ ಎಂದು ಹೇಳಿ ಕಳಿಸಿದರು. ಕಾಕಾ ಆಗ ಹೊಲದಲ್ಲಿದ್ದ. ಮನೆಗೆ ಬಂದ ಮೇಲೆ ಅವನಿಗೆ ತಿಳಿಯಿತು. ಕಾರು ಉಳಿಯಿತು. ಅಲ್ಲಿಂದ ಮುಂದೆ ಅದು ಯಾವ ಊರಿಗೆ ಹೋಗಬೇಕು, ಎಷ್ಟು ಹೊತ್ತಿಗೆ ಹೊರಡಬೇಕು, ಯಾರು ಹಿಂದೆ ಕೂರಬೇಕು ಎಂಬುದನ್ನೂ ದೊಡ್ಡಪ್ಪನೇ ಹೇಳತೊಡಗಿದರು. ರಾಯಬಾಗದ ಕಚೇರಿ ಕೆಲಸಕ್ಕೆ, ಕೊಕಟನೂರಿಗೆ ಯಾರಿಗೋ ಹೆಣ್ಣು ನೋಡಲು, ಅಥಣಿಯ ಸಂತೆಗೆ. ಅವರಿಗೆ ಓಡಿಸಲು ಬರುತ್ತಿರಲಿಲ್ಲ, ಕಲಿಯುವ ಮನಸ್ಸೂ ಇರಲಿಲ್ಲ. ಅದಕ್ಕೆ ತಮ್ಮ ಇದ್ದ.

ಕೆಲವು ತಿಂಗಳ ನಂತರ ನಾನು ಊರಿಗೆ ಹೋದಾಗ ಕಾಕಾ ಕಾರು ಒರೆಸುತ್ತಿದ್ದ. ಉಳಿಯಿತಲ್ಲ ಎಂದೆ.

“ಮಾರಿದ್ರ ಒಂದ ಸರ್ತಿ ಹೋಗತಿತ್ತು ತಮ್ಮಾ,” ಎಂದ. “ಈಗ ದಿನಾ ಹೋಗತೈತಿ.”

ಒಳಗಿನಿಂದ ದೊಡ್ಡಪ್ಪನವರ ದನಿ ಬಂತು. “ನೀರು ನೋಡಿದೇನು?”

“ನೋಡೇನಿ.”

“ಮತ್ತೊಮ್ಮೆ ನೋಡು.”

ಕಾಕಾ ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡು ಬಾನೆಟ್ ಎತ್ತಿದ.