ಹೊತ್ತು ಮುಳುಗದ ಕಡಲಲ್ಲಿ ಮಾಮಾನ ಊಟ

ದೆವ್ವ, ಗಾಳಿ, ಸತ್ತವರು ಬಂದು ಕರೆಯುವುದು, ಇಂಥ ಯಾವುದರಲ್ಲೂ ನನಗೆ ನಂಬಿಕೆ ಇರಲಿಲ್ಲ. ಓದಿ ವಿಚಾರ ಮಾಡಿ ಬಿಟ್ಟವನಲ್ಲ. ನಮ್ಮ ಕಡೆ ಸುದ್ದಿಯಾದ ದೆವ್ವಗಳಲ್ಲಿ ಅರ್ಧದಷ್ಟು ನಾನೇ ಆಗಿದ್ದೆ, ಅದಕ್ಕೆ. ಸೂಡಿಯ ಹಳೆಯ ಹೊಂಡದ ಹತ್ತಿರ ಸಂಜೆಯಾದರೆ ಹೆಣ್ಣುಮಗಳೊಬ್ಬಳು ಬಿಕ್ಕಿ ಬಿಕ್ಕಿ ಅಳುತ್ತಾಳೆ ಎಂದು ಒಂದು ಬೇಸಿಗೆ ಪೂರ್ತಿ ಜನ ಆ ದಾರಿ ಬಿಟ್ಟು ಸುತ್ತುಹಾಕಿ ಹೋಗುತ್ತಿದ್ದರು. ಆ ಹೆಣ್ಣುಮಗಳು ಸಹ ನಾನೇ.

ದೇವರು ನನಗೆ ಗಂಟಲೊಂದನ್ನು ಬಿಟ್ಟು ಬೇರೆ ಏನನ್ನೂ ಧಾರಾಳವಾಗಿ ಕೊಟ್ಟಿಲ್ಲ. ಎತ್ತರ ಕೊಡಲಿಲ್ಲ, ಬಣ್ಣ ಕೊಡಲಿಲ್ಲ, ಹತ್ತನೆಯ ಇಯತ್ತೆಯಲ್ಲಿ ಗಣಿತ ಕೊಡಲಿಲ್ಲ. ಆದರೆ ಗಜೇಂದ್ರಗಡದ ಬಸ್‌ಸ್ಟ್ಯಾಂಡಿನ ಮೈಕಿನಲ್ಲಿ ಬರುವ ಮೂಗಿನ ದನಿ, ಮಗ್ಗದ ಟಕಟಕ, ನಮ್ಮ ಹೆಡ್‌ಮಾಸ್ತರರ ಕೆಮ್ಮು, ಹೆಣ್ಣು ನೋಡಲು ಹೋದಾಗ ನಾನೇ ತೊದಲಿದ ರೀತಿ, ಎಲ್ಲವನ್ನೂ ಇದ್ದ ಹಾಗೆ ತೆಗೆಯಬಲ್ಲೆ. ಇಂಥವನು ಒಂದು ದನಿ ಕೇಳಿ ಬೆವತುಹೋದೆ ಎಂದರೆ ನೀವು ನಗುತ್ತೀರಿ. ನಗಿರಿ. ಸೂಡಿಯಿಂದ ನರಗುಂದದವರೆಗೆ ಎಲ್ಲರೂ ನಕ್ಕು ಮುಗಿಸಿದ್ದಾರೆ. ಆ ಸಿಟ್ಟಿಗೇ ಇದನ್ನು ಬರೆಯಲು ಕುಳಿತೆ.

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ತಾಯಿಯ ತಮ್ಮ, ಈರಣ್ಣ ಮಾಮಾ, ಗಜೇಂದ್ರಗಡದಲ್ಲಿ ಸಿಮೆಂಟಿನ ಅಂಗಡಿ ಇಟ್ಟಿದ್ದಾನೆ. ಮನೆ ಸೂಡಿಯಲ್ಲಿ. ಮುಂಜಾನೆ ಗಾಡಿ ಹತ್ತಿ ಅಂಗಡಿಗೆ, ಹೊತ್ತು ಮುಳುಗುವಾಗ ಮನೆಗೆ. ಆ ವರ್ಷ ಒಳ್ಳೆಯ ವ್ಯಾಪಾರ ಮಾಡಿದ ಅಂಗಡಿಕಾರರನ್ನು ಕಂಪನಿಯವರು ಹಡಗಿನ ಪ್ರವಾಸಕ್ಕೆ ಕರೆದರು. ಎಲ್ಲಿಗೆ? ನಾರ್ವೆ. ಭೂಮಿಯ ನೆತ್ತಿಯ ಹತ್ತಿರ, ಕಡಲಿನಿಂದಲೇ ನೆಟ್ಟಗೆ ಎದ್ದ ಗುಡ್ಡಗಳ ನಡುವೆ ಹಡಗು ಹೋಗುತ್ತದಂತೆ, ಅಲ್ಲಿನ ಬೆಳಕು ನೋಡಲು ಜಗತ್ತೇ ಬರುತ್ತದಂತೆ. ಮಳೆಗಾಲದಲ್ಲಿ ಸಿಮೆಂಟು ಹೋಗುವುದೂ ಕಡಿಮೆ. ಇಬ್ಬರಿಗೆ ಅವಕಾಶವಿತ್ತು. ಅತ್ತೆ ಖಡಾಖಂಡಿತ ಒಲ್ಲೆ ಎಂದಳು.

"ಮಲಪ್ರಭಾ ಹೊಳಿ ನೋಡಿದ್ರ ನನ್ನ ತಲಿ ತಿರಗತೈತಿ. ಸಮುದ್ರ ನಾ ಯಾಕ ನೋಡ್ಲಿ? ನೀ ಹೋಗಪಾ," ಎಂದು ನನ್ನ ಹೆಸರು ಹಾಕಿಸಿದಳು. ಹೊರಡುವ ಹಿಂದಿನ ದಿನ ಒಣಗಿಸಿದ ಜೋಳದ ಕಟಕರೊಟ್ಟಿಯ ಗಂಟು, ಶೇಂಗಾ ಚಟ್ನಿಯ ಡಬ್ಬಿ ನನ್ನ ಕೈಗೆ ಕೊಟ್ಟು, ದನಿ ಇಳಿಸಿ ಹೇಳಿದಳು, "ನಿನ್ನ ಕಳಸೂದು ಗುಡ್ಡಾ ನೋಡಾಕಲ್ಲ. ನಿಮ್ಮ ಮಾಮಾಗ ಉಣಸಾಕ. ಶುಗರ್ ಗುಳಗಿ ನುಂಗಿ ಉಪಾಸ ಕುಂತ್ರ ಮನಷ್ಯಾ ಉಳಿಯಂಗಿಲ್ಲಂತ ಡಾಕ್ಟ್ರು ಹೇಳ್ಯಾರ. ಹ್ಯಾಂಗ ಕಳಸೀನಿ ಹಂಗ ವಾಪಸ್ ತಂದು ಕೊಡು."

ಉಪವಾಸದ ಕಥೆ ಹೇಳಬೇಕು. ನಮ್ಮ ಅಜ್ಜ, ಅಂದರೆ ಮಾಮಾನ ತಂದೆ, ಮಗ ಬರುವವರೆಗೆ ಸಂಜೆಯ ತಾಟಿಗೆ ಕೈ ಹಚ್ಚುತ್ತಿರಲಿಲ್ಲ. ಹೊತ್ತು ಮುಳುಗಿತೆಂದರೆ ಮನೆ ಮುಂದಿನ ಕಟ್ಟೆಯ ಮೇಲೆ ನಿಂತು ರಸ್ತೆಯ ಕಡೆ ಮುಖ ಮಾಡಿ, "ಈರ್ಯಾ... ಊಟಕ್ಕ ಬಾರೋ..." ಎಂದು ಕೂಗುತ್ತಿದ್ದ. ಸೂಡಿಯಲ್ಲಿ ಕೂಗಿದರೆ ಗಜೇಂದ್ರಗಡದ ಅಂಗಡಿಗೆ ಕೇಳುತ್ತದೆಯೇ? ಓಣಿಯ ಜನ ನಗುತ್ತಿದ್ದರು. ಅಜ್ಜನಿಗೆ ಆ ಲೆಕ್ಕ ಬೇಕಾಗಿರಲಿಲ್ಲ. ಪ್ರವಾಸಕ್ಕೆ ಕೆಲವು ತಿಂಗಳ ಮೊದಲು ಒಂದು ದಿನ ಸಿಮೆಂಟಿನ ಲಾರಿ ತಡವಾಗಿ ಬಂತು. ಮಾಲು ಇಳಿಸಿಕೊಂಡು ಮಾಮಾ ಮನೆಗೆ ಬಂದಾಗ ಅಜ್ಜ ಮುಚ್ಚಿಟ್ಟ ತಾಟಿನ ಮುಂದೆ ಗೋಡೆಗೆ ಒರಗಿ ಕುಳಿತಿದ್ದ. ಜೀವ ಹೋಗಿತ್ತು. ತಾಟು ಹಾಗೇ ಇತ್ತು.

ಅಂದಿನಿಂದ ಮಾಮಾ ವರ್ಷದ ತಿಥಿ ಆಗುವವರೆಗೆ ಹೊತ್ತು ಮುಳುಗದೆ ತುತ್ತು ಮುಟ್ಟುವುದಿಲ್ಲ ಎಂದು ಹಿಡಿದ. ಮುಂಜಾನೆ ಒಂದು ಲೋಟ ಹಾಲು, ಒಂದು ಬಾಳೆಹಣ್ಣು, ಅಷ್ಟೇ. "ಅಪ್ಪ ನನ್ನ ಸಲುವಾಗಿ ಹಸಕೊಂಡು ಕುಂತಿದ್ದ. ನಾನೂ ಕುಂಡ್ರತೀನಿ." ಇನ್ನೊಂದು ಅಪ್ಪಣೆಯನ್ನು ನನಗೊಬ್ಬನಿಗೇ ಮಾಡಿದ್ದ. ಯಾರ ದನಿಯನ್ನಾದರೂ ತೆಗೆ, ಅಪ್ಪನ ದನಿ ಮಾತ್ರ ತೆಗೆಯಬೇಡ.

ಊರಲ್ಲಿ ಇದೆಲ್ಲ ನಡೆಯುತ್ತಿತ್ತು. ಏಳು ಗಂಟೆ ಸುಮಾರಿಗೆ ಗಜೇಂದ್ರಗಡದ ಗುಡ್ಡದ ಹಿಂದೆ ಸೂರ್ಯ ಹೋದರೆ ಮುಗಿಯಿತು, ಮನೆಗೆ ಹೋಗಿ ಉಣ್ಣುತ್ತಿದ್ದ. ಹಡಗು ಹತ್ತಿದ ಮೇಲೆ ಶುರುವಾಯಿತು ನೋಡಿ ನನ್ನ ಗ್ರಹಚಾರ. ಮೊದಲ ದಿನ ಸೂರ್ಯ ಹತ್ತು ಹೊಡೆದರೂ ಮುಳುಗಲಿಲ್ಲ. ಮರುದಿನ ಹನ್ನೊಂದು ದಾಟಿದ. ಅಷ್ಟೊತ್ತಿಗೆ ಊಟದ ಹಾಲಿನ ಬಾಗಿಲು ಹಾಕಿರುತ್ತಿದ್ದರು, ನಾನು ಕೋಣೆಯಲ್ಲಿ ರೊಟ್ಟಿಯ ಗಂಟು ಬಿಚ್ಚುತ್ತಿದ್ದೆ. ಆಮೇಲೆ ಹಡಗು ಇನ್ನೂ ಉತ್ತರಕ್ಕೆ ಹೋಯಿತು, ಅಲ್ಲಿ ಸೂರ್ಯ ಮುಳುಗುವುದನ್ನೇ ಬಿಟ್ಟುಬಿಟ್ಟ. ಕಡಲಿನ ಅಂಚಿಗೆ ಬರುವುದು, ಏನೋ ಮರೆತವನ ಹಾಗೆ ಮತ್ತೆ ಮೇಲಕ್ಕೆ ಹೋಗುವುದು. ಇದನ್ನು ನೋಡಲೆಂದೇ ಬಂದ ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನೊಬ್ಬನೇ ಹಲ್ಲು ಕಡಿಯುತ್ತಿದ್ದೆ.

ಎಷ್ಟು ವಾದ ಮಾಡಿದೆನೋ. ನಮ್ಮೂರಿನ ಗಡಿಯಾರ ನೋಡಿ ಉಣ್ಣಿರಿ ಎಂದೆ. "ಸೂರ್ಯಾ ಎದುರಿಗೆ ನಿಂತಾನ, ಗಡಿಯಾರ ತೋರಿಸಿ ಅವಂಗ ಸುಳ್ಳ ಹೇಳ್ಲೇನು?" ಎಂದ. ಕಿಟಕಿಯ ಪರದೆ ಎಳೆದು ಕೋಣೆ ಕತ್ತಲು ಮಾಡಿದೆ. ನಕ್ಕ. ಹಡಗು ಗುಡ್ಡದ ನೆರಳಿಗೆ ಬಂದಾಗ, ನೋಡ್ರಿ ಮಾಮಾ ಹೋದ, ನಮ್ಮೂರಾಗೂ ಗುಡ್ಡದ ಹಿಂದನ ಹೋಗ್ತಾನಲ್ಲ ಎಂದೆ. ಕತ್ತೆತ್ತಿ ಶಿಖರ ತೋರಿಸಿದ. "ತುದೀ ಮ್ಯಾಲ ಬಿಸಲ ಐತಿ ನೋಡು. ಗುಡ್ಡದ ಮರೀಗೆ ನಿಂತಾನ, ಮುಣಗಿಲ್ಲ." ಸಿಮೆಂಟಿನ ಚೀಲದ ತೂಕದಲ್ಲಿ ಇಷ್ಟು ಕಟ್ಟುನಿಟ್ಟು ಮಾಡಿದ್ದರೆ ವ್ಯಾಪಾರವೇ ಆಗುತ್ತಿರಲಿಲ್ಲ ಎಂದು ಅಂದುಬಿಟ್ಟೆ. ಅದಕ್ಕೂ ನಕ್ಕ. ಹಸಿದವನು ನಗುತ್ತಿದ್ದರೆ ಉಂಡವನಿಗೆ ಎಷ್ಟು ಸಿಟ್ಟು ಬರುತ್ತದೆ ಎಂಬುದು ನನಗೆ ಅಲ್ಲಿಯೇ ಗೊತ್ತಾದದ್ದು.

ನಮ್ಮ ಜೊತೆ ನರಗುಂದದ ಸಾಹುಕಾರರೊಬ್ಬರು ಬಂದಿದ್ದರು, ಅವರದೂ ಸಿಮೆಂಟಿನ ವ್ಯಾಪಾರ. ನಾನು ಹಡಗಿನ ಕಪ್ತಾನನ ದನಿ ತೆಗೆದು, ಅವನದೇ ಧಾಟಿಯಲ್ಲಿ "ರೋಣ, ನರಗುಂದ, ಗಜೇಂದ್ರಗಡಕ್ಕ ಹೋಗೋರು ಇಳೀರಿ" ಎಂದು ಘೋಷಣೆ ಮಾಡಿದಾಗಿನಿಂದ ಅವರು ನನ್ನನ್ನು ಬಿಡುತ್ತಿರಲಿಲ್ಲ. ಮಾಮಾನ ಸಂಗತಿ ಹೇಳಿದರೆ, "ನಿಮ್ಮ ಮಾಮಾ ಭಾಳ ಹಟಮಾರಿ ಅದಾನ್ರಿ, ಇರ್ಲಿ, ಹಸದ್ರ ತಾನ ಉಣ್ತಾನ," ಎಂದು ಐಸ್‌ಕ್ರೀಮಿನ ಕಡೆ ಹೋದರು.

ಉಣ್ಣಲಿಲ್ಲ. ಸೂರ್ಯ ಮುಳುಗದ ಎರಡನೆಯ ದಿನ ಸಂಜೆ, ಗಡಿಯಾರದ ಸಂಜೆ ಅನ್ನಿ, ಡೆಕ್ಕಿನ ಮೇಲೆ ಕುರ್ಚಿ ಹಾಕಿಕೊಂಡು ಕುಳಿತಿದ್ದ ಮಾಮಾನ ಕೈ ನಡುಗುತ್ತಿರುವುದನ್ನು ನೋಡಿದೆ. ಆ ಚಳಿಯಲ್ಲಿ ಹಣೆಯ ಮೇಲೆ ಬೆವರು. ಮಾತಾಡಿಸಿದರೆ ಉತ್ತರ ತಡವಾಗಿ ಬರುತ್ತಿತ್ತು. ಸಕ್ಕರೆಯ ಪೊಟ್ಟಣ ಹರಿದು ಬಾಯಿಗೆ ಹಿಡಿದೆ, ತುಟಿ ಬಿಗಿದುಕೊಂಡ. ಹಡಗಿನ ಡಾಕ್ಟರನ್ನು ಕರೆಯುತ್ತೇನೆ ಎಂದರೆ ನನ್ನ ಅಂಗಿಯ ತೋಳು ಹಿಡಿದುಕೊಂಡು ಬಿಡಲಿಲ್ಲ. ಹ್ಯಾಂಗ ಕಳಸೀನಿ ಹಂಗ ತಂದು ಕೊಡು ಎಂದ ಅತ್ತೆಯ ಮುಖ ಕಣ್ಣಮುಂದೆ ಬಂತು. ನನಗೆ ಬೇರೆ ದಾರಿ ಹೊಳೆಯಲಿಲ್ಲ. ಅವನ ಹಿಂದೆ ನಿಂತು ಅಜ್ಜನ ದನಿ ತೆಗೆದೆ. "ಈರ್ಯಾ... ಊಟಕ್ಕ ಬಾರೋ..."

ಚೆನ್ನಾಗಿ ಬಂದಿತ್ತು. ನನಗೇ ಮೈ ಜುಮ್ಮೆಂದಿತು. ಮಾಮಾ ತಿರುಗಿ ನೋಡಿದ ನೋಟವನ್ನು ಮಾತ್ರ ನಾನು ಮತ್ತೆ ನೋಡಲಾರೆ. ಬೈಯಲಿಲ್ಲ. "ಅಪ್ಪನ್ನ ಆಟಕ್ಕ ತಗೋಬ್ಯಾಡ ಅಂದಿದ್ದೆ," ಎಂದ. ತೋಳು ಬಿಟ್ಟು, ಎದ್ದು, ಕಂಬಿ ಹಿಡಿದು ನಾಲ್ಕು ಮಾರು ದೂರ ಹೋಗಿ ನನಗೆ ಬೆನ್ನು ಮಾಡಿ ನಿಂತ.

ನನ್ನ ತಲೆ ಕೆಟ್ಟಿತು. ಏನಾದರೂ ಮಾಡಿಕೋ ಎಂದು ಕುರ್ಚಿಯಲ್ಲಿ ಕುಳಿತು, ಅವನಿಗೆಂದು ತಂದಿದ್ದ ರೊಟ್ಟಿ ಮುರಿದು, ಚಟ್ನಿ ಹಚ್ಚಿ, ನನ್ನ ಬಾಯಿಗೇ ತುರುಕಿಕೊಂಡೆ. ಇದನ್ನು ನೆನಪಿಟ್ಟುಕೊಳ್ಳಿ. ಕಟಕರೊಟ್ಟಿ ಒಣಗಿದ ಮೇಲೆ ಹೆಂಚು ಇದ್ದಂತೆ. ಅದನ್ನು ಬಾಯಿ ತುಂಬ ಅಗಿಯುವಾಗ ಹೂಂ ಅನ್ನುವುದೂ ಸಾಧ್ಯವಿಲ್ಲ, ಇನ್ನು ದನಿ ತೆಗೆಯುವುದು ದೂರದ ಮಾತು.

ಅಷ್ಟರಲ್ಲಿ ಹಡಗು ದೊಡ್ಡ ಕಡಲು ಬಿಟ್ಟು ಎರಡು ಗುಡ್ಡಗಳ ನಡುವಿನ ಇಕ್ಕಟ್ಟಾದ ನೀರಿನೊಳಗೆ ತಿರುಗಿತು. ಎಡಗಡೆಯ ಬಂಡೆ ಬಿಸಿಲನ್ನು ಮರೆ ಮಾಡಿತು, ಡೆಕ್ಕಿನ ಮೇಲೆ ನೆರಳು ಬಿತ್ತು. ಕಪ್ತಾನ ಪ್ರವಾಸಿಗರ ಖುಷಿಗೆ ಭೋಂಗಾ ಊದಿಸಿದ. ಅದು ಬಂಡೆಯಿಂದ ಬಂಡೆಗೆ ಬಡಿದು ತಿರುಗಿ ಬಂದು, ಸಣ್ಣದಾಗಿ, ನಿಂತಿತು. ಎಲ್ಲರೂ ಸುಮ್ಮನಾಗಿ ಕೇಳುತ್ತಿದ್ದರು. ಆ ಸುಮ್ಮನಿರುವಿಕೆಯಲ್ಲಿ ನೀರಿನ ಆಚೆಯಿಂದ ದನಿ ಬಂತು.

"ಈರ್ಯಾ... ಲೇ ಈರ್ಯಾ... ಹೊತ್ತ ಮುಣಗೇತಿ. ಸೈಕಲ್ ಅಲ್ಲೇ ಬಿಟ್ಟು ಬಾರೋ. ಉಣ್ಣೂಣು."

ಅಜ್ಜನದೇ. ಕೊನೆಗೆ ಉಸಿರು ಸಾಲದೆ ಸ್ವಲ್ಪ ಒಡೆಯುವ ಆ ದನಿ. ನನ್ನ ಬಾಯಿಯ ರೊಟ್ಟಿ ಬಾಯಲ್ಲೇ ಉಳಿಯಿತು. ಮಾಮಾ ಮೊದಲು ನನ್ನ ಕಡೆ ತಿರುಗಿದ. ಉಬ್ಬಿದ ನನ್ನ ಗಲ್ಲ ನೋಡಿದ. ಆಮೇಲೆ ಬಂಡೆಯ ಕಡೆ ತಿರುಗಿ, ಸಾಲಿ ಹುಡುಗನ ಹಾಗೆ, "ಬಂದ್ನೆಪ್ಪಾ," ಎಂದ.

ಶಿಖರದ ತುದಿಯಲ್ಲಿ ಆಗಲೂ ಬಿಸಿಲಿತ್ತು. ನಾನು ನೋಡಿದೆ. ಮಾಮಾ ಕತ್ತೆತ್ತಲೇ ಇಲ್ಲ. ಬಂದು ಡೆಕ್ಕಿನ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು ಕೈ ಚಾಚಿದ. ಸಕ್ಕರೆ ಕೊಟ್ಟೆ, ಚಪ್ಪರಿಸಿದ. ಆಮೇಲೆ ರೊಟ್ಟಿ ಕೊಟ್ಟೆ, ಮುರಿದು ತಿಂದ. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಮೂರನೆಯ ರೊಟ್ಟಿಗೆ ಕೈ ನಡುಗುವುದು ನಿಂತಿತು. ಆಗ ಕೇಳಿದ, "ಸೈಕಲ್ ಮಾತ ನಿನಗ ಯಾರ ಹೇಳಿದ್ರು?"

"ಯಾವ ಸೈಕಲ್ ಮಾಮಾ?" ಎಂದೆ. ನನಗೆ ಖರೇನೇ ಗೊತ್ತಿರಲಿಲ್ಲ.

ಮಾಮಾ ಸಣ್ಣವನಿದ್ದಾಗ ಗೆಳೆಯನ ಸೈಕಲ್ ಕೇಳಿ ತೆಗೆದುಕೊಂಡು ಅಸೂಟಿಯ ಕಡೆ ಹೋಗಿದ್ದನಂತೆ. ಚೈನು ಹರಿದು, ಹ್ಯಾಂಡಲ್ ಮುರಿದು, ಹೊಡೆತದ ಹೆದರಿಕೆಗೆ ಕತ್ತಲಾದರೂ ಹೊಲದ ಬದುವಿನ ಮೇಲೆ ಅದರ ಪಕ್ಕದಲ್ಲೇ ಕುಳಿತಿದ್ದನಂತೆ. ಅಜ್ಜ ಹುಡುಕುತ್ತ ಬಂದು ದೂರದಿಂದ ಹೀಗೆಯೇ ಕೂಗಿದನಂತೆ. ಹೊಡೆಯಲಿಲ್ಲ, ಕೇಳಲಿಲ್ಲ. ಕೂಡಿಸಿಕೊಂಡು ಉಣಿಸಿದ. ಮರುದಿನ ತಾನೇ ರಿಪೇರಿ ಮಾಡಿಸಿ ಗೆಳೆಯನ ಮನೆ ಮುಟ್ಟಿಸಿದ. ಈ ಸಂಗತಿ ತಂದೆ ಮಗನನ್ನು ಬಿಟ್ಟು ಮೂರನೆಯವರಿಗೆ ತಿಳಿದಿರಲಿಲ್ಲ. ನಮ್ಮ ತಾಯಿಯನ್ನು ಕೇಳಿದೆ, ಅತ್ತೆಯನ್ನು ಕೇಳಿದೆ. ಯಾರಿಗೂ ಗೊತ್ತಿಲ್ಲ.

ನನಗೆ ಭ್ರಮೆಯಾಗಿರಬಹುದು ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ ನರಗುಂದದ ಸಾಹುಕಾರರು ಅದಕ್ಕೂ ಕಲ್ಲು ಹಾಕಿದರು. ಅವರು ಡೆಕ್ಕಿನ ಇನ್ನೊಂದು ತುದಿಯಲ್ಲಿದ್ದರು. ದನಿ ಕೇಳಿದ ಕೂಡಲೇ, ನನ್ನ ಬಾಯಿ ಇನ್ನೂ ಖಾಲಿಯಾಗುವ ಮೊದಲೇ, ಓಡಿ ಬಂದು ನನ್ನ ಬೆನ್ನು ಚಪ್ಪರಿಸಿದ್ದರು. "ಶಾಭಾಷ್ ಹುಡಗಾ! ಇಲ್ಲಿ ಕುಂತು ಆ ಗುಡ್ಡದಿಂದ ಕೂಗಿಸಿದೆಲ್ಲೋ! ಹ್ಯಾಂಗ ಮಾಡಿದಿ?" ನಾನು ಬಾಯಿ ತೆರೆದು ರೊಟ್ಟಿ ತೋರಿಸಿದೆ. ಅದೂ ಆಟದ ಭಾಗವೆಂದು ಇನ್ನಷ್ಟು ನಕ್ಕರು.

ಊರಿಗೆ ಬಂದ ಮೇಲೆ ಅದೇ ಕಥೆ ಎಲ್ಲ ಕಡೆ ಹಬ್ಬಿತು. ಮಾಮಾ ಆ ದಿನದಿಂದ ಎರಡೂ ಹೊತ್ತು ಉಣ್ಣುತ್ತಿದ್ದ, ಅತ್ತೆ ನನ್ನ ಕೈ ಹಿಡಿದು ಹೋಳಿಗೆ ಮಾಡಿ ಬಡಿಸಿದಳು. ನಾನಲ್ಲ ಅತ್ತಿ ಎಂದರೆ, "ಇರ್ಲಿ ಬಿಡು, ಪುಣ್ಯೇದ ಕೆಲಸಕ್ಕ ಸುಳ್ಳ ಹೇಳಿದ್ರ ನಡೀತೈತಿ," ಎಂದಳು. ಹೊಂಡದ ಹತ್ತಿರ ಅತ್ತವನು ನಾನೇ ಎಂದು ಕೂಗಿ ಹೇಳಿದಾಗ ಯಾರೂ ನಂಬಲಿಲ್ಲ, ಈಗಲೂ ಅಲ್ಲಿ ದೆವ್ವವಿದೆ ಎನ್ನುವವರಿದ್ದಾರೆ. ಇದು ನನ್ನದಲ್ಲ ಎಂದರೆ ಅದನ್ನೂ ನಂಬುತ್ತಿಲ್ಲ. ನನ್ನ ಜೀವಮಾನದಲ್ಲಿ ಇಷ್ಟು ಹೊಗಳಿಕೆ ಬಂದದ್ದು ನಾನು ಮಾಡದೇ ಇದ್ದ ಒಂದೇ ಒಂದು ದನಿಗೆ. ಇದಕ್ಕಿಂತ ಸಂಕಟ ಬೇರೆ ಏನಿದೆ ಹೇಳಿ.

ಮೊದಲು ನಾನು ಕೂಗಿದ್ದೇ ಬಂಡೆಗೆ ಬಡಿದು ತಡವಾಗಿ ಬಂದಿರಬಹುದೇ ಎಂದು ಯೋಚಿಸಿದ್ದೇನೆ. ಆಗ ಹಡಗು ಇನ್ನೂ ಬಯಲು ಕಡಲಿನಲ್ಲಿತ್ತು, ಸುತ್ತ ಬಂಡೆಯೇ ಇರಲಿಲ್ಲ. ಅದೂ ಹೋಗಲಿ, ನಾನು ಹೇಳದ ಸೈಕಲ್ಲನ್ನು ಯಾವ ಬಂಡೆ ಸೇರಿಸುತ್ತದೆ?

ಅಜ್ಜನ ವರ್ಷದ ತಿಥಿ ಮುಗಿದ ಮೇಲೆ ಒಂದು ಸಂಜೆ ನಾನು ಅಂಗಡಿಯಲ್ಲಿದ್ದೆ. ಶಟರ್ ಎಳೆಯುವ ಹೊತ್ತು. ಮಾಮಾ ತಾನಾಗಿಯೇ ಹೇಳಿದ, "ಒಂದ್ಸಲ ಅಪ್ಪನ ದನಿ ತಗಿ ನೋಡೂಣು. ಹಡಗಿನ್ಯಾಗ ಬಂತಲ್ಲ, ಅದನ್ನ."

ಬೇಡವೆಂದವನೇ ಕೇಳುತ್ತಿದ್ದಾನೆ. ಗಂಟಲು ಸರಿಮಾಡಿಕೊಂಡು, ಈರ್ಯಾ ಎಂದು ಶುರು ಮಾಡಿ, ಹೊತ್ತು, ಸೈಕಲ್, ಉಣ್ಣೂಣು, ಕೊನೆಯಲ್ಲಿ ಒಡೆಯುವ ಉಸಿರು, ಒಂದನ್ನೂ ಬಿಡದೆ ಕೂಗಿದೆ. ಪಕ್ಕದ ಅಂಗಡಿಯವರು ಹಣಿಕಿ ನೋಡಿದರು. ಮಾಮಾ ಕಣ್ಣು ಮುಚ್ಚಿ ಕೇಳಿದ.

"ಭಾಳ ಚಲೋ ತಗದಿ," ಎಂದ. ಬೀಗ ಹಾಕಿ, ಕೈಯಿಂದ ಜಗ್ಗಿ ನೋಡಿ, ಗಾಡಿ ಹತ್ತಿದ. "ಆದ್ರ ಇದು ನಿಂದು."

ಹಾಗಾದರೆ ಹಡಗಿನಲ್ಲಿ ಬಂದದ್ದು ಯಾರದು ಎಂದು ಕೇಳುವಷ್ಟರಲ್ಲಿ ಗಾಡಿ ಸೂಡಿಯ ರಸ್ತೆ ಹಿಡಿದಿತ್ತು. ಊಟದ ಹೊತ್ತಾಗಿತ್ತು.